ಹಳೆಯ ತಾಳದ ಕಂಚಿನ ಕಂಠ

ಸಿಂಧನೂರು ಸೀಮೆಯ ಯಾವುದೇ ಊರಲ್ಲಿ ಭಜನೆ ನಡೆದಿರಲಿ, ಗುಡಿಯಿಂದ ನಾಲ್ಕು ಓಣಿ ಆಚೆ ನಿಂತವರ ಕಿವಿಗೆ ಮೊದಲು ಬೀಳುವುದು ತಾಳ. ಹಾರ್ಮೋನಿಯಂ ಕೇಳಿಸುವುದು ಆಮೇಲೆ, ಹಾಡಿನ ಮಾತು ತಿಳಿಯುವುದು ಇನ್ನೂ ಹತ್ತಿರ ಹೋದ ಮೇಲೆ. ಮೇಳದ ವಾದ್ಯಗಳಲ್ಲೆಲ್ಲ ಅಂಗೈಯಗಲದ ತಾಳವೇ ಚಿಕ್ಕದು. ಆದರೂ ಜಾತ್ರೆಯ ಗದ್ದಲವನ್ನು ಸೀಳಿಕೊಂಡು ಬರುವುದು ಅದರ ಸದ್ದೇ.

ಇದಕ್ಕೆ ಕಾರಣ ಅರ್ಧ ನಮ್ಮ ಕಿವಿಯಲ್ಲಿದೆ, ಅರ್ಧ ಲೋಹದಲ್ಲಿದೆ. ಸೆಕೆಂಡಿಗೆ ಮೂರರಿಂದ ನಾಲ್ಕು ಸಾವಿರ ಕಂಪನಗಳ ಸದ್ದನ್ನು ಮನುಷ್ಯನ ಕಿವಿ ಎಲ್ಲಕ್ಕಿಂತ ಚುರುಕಾಗಿ ಹಿಡಿಯುತ್ತದೆ. ತಾಳದ ಸದ್ದಿನ ದೊಡ್ಡ ಪಾಲು ಹುಟ್ಟುವುದು ಆ ಆಸುಪಾಸಿನಲ್ಲೇ. ಹಾಗಾಗಿ ಕಡಿಮೆ ಶಕ್ತಿಯಲ್ಲೇ ಅದು ಹೆಚ್ಚು ಕೇಳಿಸುತ್ತದೆ. ಲೋಹದ ಪಾಲಿನ ಕತೆ ಇದಕ್ಕಿಂತ ದೊಡ್ಡದು, ಸಾವಿರಾರು ವರ್ಷ ಹಳೆಯದು.

ಹಳೆಯ ತಾಳದ ನಾದ ಹೊಸದಕ್ಕಿಲ್ಲ ಎಂಬುದು ಭಜನೆಯ ಹಿರಿಯರಲ್ಲಿ ಸಾಮಾನ್ಯವಾದ ಮಾತು. ಅಮೆರಿಕ, ಯುರೋಪಿನ ಡ್ರಮ್ ವಾದಕರೂ ಇದನ್ನೇ ಹೇಳುತ್ತಾರೆ; ಇಸ್ತಾಂಬುಲ್‌ನಲ್ಲಿ ತಯಾರಾದ ಹಳೆಯ ಸಿಂಬಲ್‌ಗಳನ್ನು ದುಬಾರಿ ಬೆಲೆ ಕೊಟ್ಟು ಕೊಳ್ಳುತ್ತಾರೆ. ಇದು ಹಳೆಯದರ ಮೇಲಿನ ಮೋಹ ಮಾತ್ರವಲ್ಲ. ಆ ನಾದಕ್ಕೆ ಮಿಶ್ರಲೋಹ, ಬೆಂಕಿ, ಸುತ್ತಿಗೆ ಎಂಬ ಮೂರು ಕಾರಣಗಳಿವೆ. ವಯಸ್ಸಿನ ಪಾತ್ರ ಇವುಗಳ ನಂತರದ್ದು.

ನಾದದ ಸೀಮೆ

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಬಯಲು ಹಾಡಿಗೆ ಬಡವಲ್ಲ. ಜಗನ್ನಾಥದಾಸರ ಶಿಷ್ಯರಾದ ಪ್ರಾಣೇಶದಾಸರು ಲಿಂಗಸುಗೂರಿನವರು. ಹರಿದಾಸರ ಕೈಯಲ್ಲಿ ತಂಬೂರಿ, ತಾಳ, ಕಾಲಲ್ಲಿ ಗೆಜ್ಜೆ. ತತ್ವಪದ ಹಾಡುವವರ ಕೈಯಲ್ಲಿ ಏಕತಾರಿ, ದಮ್ಮಡಿ, ಮತ್ತದೇ ತಾಳ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ನಾಡಿಗೆಲ್ಲ ಹೆಸರಾದದ್ದು. ಅಲ್ಲಿ ಹಲಗೆಯದೇ ರಾಜ್ಯ. ಹಲಗೆಯವರು ನಡುನಡುವೆ ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡಿಕೊಳ್ಳುವುದನ್ನು ನೀವು ನೋಡಿರಬಹುದು. ತೇವಕ್ಕೆ ಸಡಿಲವಾಗುವ ಚರ್ಮಕ್ಕೆ ಆ ಉಪಚಾರ ಬೇಕು. ಕಂಚಿನ ತಾಳಕ್ಕೆ ಅದು ಬೇಡ. ಅದು ಬೆಂಕಿ ಕಂಡದ್ದು ಹುಟ್ಟುವಾಗ ಮಾತ್ರ, ಮಳೆಗಾಲಕ್ಕೂ ಬೇಸಿಗೆಗೂ ಅದರದು ಒಂದೇ ದನಿ.

ಸಿಂಧನೂರಿನ ಸುತ್ತ ಇನ್ನೊಂದು ಪರಂಪರೆಯೂ ಇದೆ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳು ಇಲ್ಲಿನ ಪುನರ್ವಸತಿ (ಆರ್.ಎಚ್.) ಕ್ಯಾಂಪುಗಳಲ್ಲಿ ನೆಲೆಸಿ ಅರ್ಧ ಶತಮಾನವಾಯಿತು. ಬಂಗಾಳದ ಕೀರ್ತನೆಗೆ ಖೋಲ್ ಮದ್ದಳೆಯಾದರೆ ಕರತಾಳ ಅದರ ಜೋಡಿ. ಬಂಗಾಳದಲ್ಲೂ ಕಂಚಿನ ಕೆಲಸಕ್ಕೆ ದೊಡ್ಡ ಹೆಸರಿದೆ. ಮುರ್ಷಿದಾಬಾದ್ ಜಿಲ್ಲೆಯ ಖಾಗ್ರಾ ಅದಕ್ಕೆ ಪ್ರಸಿದ್ಧ. ಹಳೇ ಮೈಸೂರಿನ ಮಲೆ ಮಹದೇಶ್ವರನ ಗುಡ್ಡರ ಕಂಸಾಳೆಯೂ ಇದೇ ಬಳಗದ್ದು: ಎಡಗೈಯಲ್ಲಿ ಬಟ್ಟಲಿನಂಥದು, ಬಲಗೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆಯದು.

ಲೋಹ ಬರುವ ಮೊದಲೇ ಈ ಭಾಗದ ಜನ ಗಂಟೆಯ ನಾದ ಕಂಡುಕೊಂಡಿದ್ದರು. ಸಿರುಗುಪ್ಪ ದಾಟಿ ಬಳ್ಳಾರಿಯತ್ತ ಹೋದರೆ ಸಂಗನಕಲ್ಲು–ಕುಪ್ಪಗಲ್ಲು ಗುಡ್ಡ ಸಿಗುತ್ತದೆ. ಅಲ್ಲಿನ ಕಪ್ಪು ಡಾಲರೈಟ್ ಬಂಡೆಗಳಲ್ಲಿ ಕೆಲವನ್ನು ಕಲ್ಲಿನಿಂದ ಬಡಿದರೆ ಜಾಗಟೆಯಂತೆ ನುಡಿಯುತ್ತವೆ. ಬಡಿದು ಬಡಿದು ಬಿದ್ದ ಕುಳಿಗಳು ಇಂದಿಗೂ ಇವೆ. ಪುರಾತತ್ವಜ್ಞೆ ನಿಕೋಲ್ ಬೊವಿನ್ 2004ರಲ್ಲಿ ಇವನ್ನು ನವಶಿಲಾಯುಗದ ಸಂಗೀತದ ಕುರುಹುಗಳೆಂದು ಜಗತ್ತಿನ ಗಮನಕ್ಕೆ ತಂದರು.

ತಾಮ್ರಕ್ಕೆ ತವರ ಬೆರೆತಾಗ

ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು. ತವರ 232ಕ್ಕೇ ಕರಗುತ್ತದೆ. ಎರಡೂ ಮೆತ್ತನೆಯ ಲೋಹಗಳು. ತಾಮ್ರದ ತಟ್ಟೆ ಬಡಿದರೆ ಮೊಂಡು ಸದ್ದು ಬರುತ್ತದೆ, ತವರದ್ದು ಇನ್ನೂ ಮೊಂಡು. ಆದರೆ ನೂರು ಪಾಲಿನಲ್ಲಿ ಸುಮಾರು ಎಂಬತ್ತು ತಾಮ್ರ, ಇಪ್ಪತ್ತು ತವರ ಬೆರೆಸಿದರೆ ಗಡಸಾದ, ಬಡಿದರೆ ಬಹಳ ಹೊತ್ತು ಮೊಳಗುವ ಕಂಚು ಸಿಗುತ್ತದೆ. ಗುಡಿಯ ಗಂಟೆ, ಜಾಗಟೆ, ಒಳ್ಳೆಯ ತಾಳ, ಡ್ರಮ್ ಸೆಟ್ಟಿನ ಉತ್ತಮ ಸಿಂಬಲ್ ಇವೆಲ್ಲ ಈ ಅಳತೆಯ ಹತ್ತಿರದವು.

ಮೊಳಗುವುದು ಯಾಕೆ? ಬಡಿದ ಲೋಹ ಕಂಪಿಸುವಾಗ ಅದರ ಶಕ್ತಿಯ ಒಂದು ಭಾಗ ಸದ್ದಾಗಿ ಗಾಳಿಗೆ ಹೋಗುತ್ತದೆ, ಇನ್ನೊಂದು ಭಾಗ ಲೋಹದ ಒಳಗೇ ಶಾಖವಾಗಿ ಕಳೆದುಹೋಗುತ್ತದೆ. ಮೆತ್ತನೆಯ ಲೋಹದೊಳಗೆ ಹರಳುಗಳು ಸುಲಭವಾಗಿ ಜಾರುವುದರಿಂದ ಒಳನಷ್ಟ ಹೆಚ್ಚು. ಹೆಚ್ಚು ತವರದ ಕಂಚಿನಲ್ಲಿ ಈ ಜಾರುವಿಕೆಗೆ ತಡೆ ಇದೆ. ಹಾಗಾಗಿ ನಾದ ಉಳಿಯುತ್ತದೆ.

ಆದರೆ ಇದೇ ಗುಣ ಕಂಚುಗಾರನಿಗೆ ತಲೆನೋವು. ಇಷ್ಟು ತವರವಿರುವ ಕಂಚನ್ನು ಎರಕ ಹೊಯ್ದು ತಣ್ಣಗಾಗಲು ಬಿಟ್ಟರೆ ಅದರೊಳಗೆ ಬಲು ಗಡಸಾದ, ಗಾಜಿನಂತೆ ಒಡೆಯುವ ಹರಳುಗಳು ಕಟ್ಟಿಕೊಳ್ಳುತ್ತವೆ. ಸುತ್ತಿಗೆ ಬಿದ್ದರೆ ಚೂರು. ಇದಕ್ಕೆ ಹಿಂದಿನವರು ಕಂಡುಕೊಂಡ ದಾರಿ ಬೆರಗು ಹುಟ್ಟಿಸುವಂಥದ್ದು. ಸುಮಾರು 586 ಡಿಗ್ರಿ ದಾಟಿದರೆ ಈ ಕಂಚಿನ ಒಳರಚನೆ ಬದಲಾಗಿ ಬಡಿತಕ್ಕೆ ಬಗ್ಗುತ್ತದೆ. 800ರ ಹತ್ತಿರ ಹೋದರೆ ಕರಗಲು ಶುರು. ನಡುವಿನ ಇನ್ನೂರು ಡಿಗ್ರಿಯಷ್ಟೇ ಕೆಲಸದ ಅವಕಾಶ. ಮಾಪಕವಿಲ್ಲದ ಕಾಲದಲ್ಲಿ ಕುಲುಮೆಯವರು ಮಂದ ಬೆಳಕಿನಲ್ಲಿ ಕಾದ ಲೋಹದ ಕೆಂಪು ನೋಡಿಯೇ ಇದನ್ನು ಅಳೆಯುತ್ತಿದ್ದರು. ಕಾಯಿಸು, ನಾಲ್ಕೇಟು ಹಾಕು, ಬಣ್ಣ ಮಸುಕಾಗುವ ಮೊದಲೇ ಮತ್ತೆ ಬೆಂಕಿಗಿಡು. ಹೀಗೆ ಹತ್ತಾರು ಸಲ.

ಕೊನೆಗೆ ಕೆಂಪಗಿರುವಾಗಲೇ ನೀರಿಗೆ ಅದ್ದುತ್ತಾರೆ. ಕುಡ ಹಣಿಸುವ ಕಂಬಾರರಿಗೆ ಗೊತ್ತು, ಕಾದ ಉಕ್ಕನ್ನು ನೀರಿಗೆ ಅದ್ದಿದರೆ ಅದು ಗಡಸಾಗುತ್ತದೆ. ಈ ಕಂಚಿನದು ತದ್ವಿರುದ್ಧ ನಡೆ. ನೀರಿಗೆ ಬಿದ್ದ ಕ್ಷಣದಲ್ಲಿ ಆ ಒಡಕು ಹರಳುಗಳು ಕಟ್ಟಿಕೊಳ್ಳಲು ಸಮಯವೇ ಸಿಗುವುದಿಲ್ಲ. ತಣ್ಣಗಾದ ಮೇಲೂ ಸುತ್ತಿಗೆಗೆ ತಾಳಿಕೊಳ್ಳುವಷ್ಟು ಹದ ಅದಕ್ಕೆ ಉಳಿಯುತ್ತದೆ.

ಈ ವಿದ್ಯೆ ದಕ್ಷಿಣ ಭಾರತಕ್ಕೆ ಹೊಸದಲ್ಲ. ತಮಿಳುನಾಡಿನ ಆದಿಚನಲ್ಲೂರು ಮತ್ತು ನೀಲಗಿರಿಯ ಸಮಾಧಿಗಳಲ್ಲಿ ಸಿಕ್ಕ ತೆಳುವಾದ ಕಂಚಿನ ಬಟ್ಟಲುಗಳನ್ನು ಪರೀಕ್ಷಿಸಿದ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ಅವರು, ಕಾಯಿಸಿ ಬಡಿದು ನೀರಿಗೆ ಅದ್ದುವ ಇದೇ ಕ್ರಮವನ್ನು ಅವುಗಳಲ್ಲಿ ಗುರುತಿಸಿದ್ದಾರೆ. ಕೇರಳದ ಕಂಚುಗಾರರಲ್ಲಿ ಈ ಪದ್ಧತಿ ನಮ್ಮ ಕಾಲದವರೆಗೂ ಉಳಿದು ಬಂದಿದೆ.

ಬಂಗಾರ ಹುಡುಕಿದವನಿಗೆ ಸಿಕ್ಕ ನಾದ

ಬಂಗಾರ ಹುಡುಕಲು ಹೋದವರಿಗೆ ಬೇರೇನೋ ಸಿಕ್ಕ ಕತೆ ಈ ಸೀಮೆಗೆ ಹೊಸದಲ್ಲ. 1915ರಲ್ಲಿ ಚಿನ್ನದ ಅದಿರಿನ ಶೋಧದಲ್ಲಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಅವರಿಗೆ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರೇ ಇದ್ದ ಶಾಸನ ಸಿಕ್ಕಿತು. ಸಿಂಬಲ್ ಚರಿತ್ರೆಯಲ್ಲೂ ಅಂಥದೇ ಒಂದು ಪ್ರಸಂಗವಿದೆ. 1618ರ ಸುಮಾರಿಗೆ ಕಾನ್ಸ್ಟಾಂಟಿನೋಪಲ್‌ನಲ್ಲಿ, ಅಂದರೆ ಇಂದಿನ ಇಸ್ತಾಂಬುಲ್‌ನಲ್ಲಿ, ಅವೆದಿಸ್ ಎಂಬ ಅರ್ಮೇನಿಯನ್ ರಸವಾದಿ ಕೀಳು ಲೋಹಗಳಿಂದ ಬಂಗಾರ ಮಾಡಲು ಹೊರಟಿದ್ದ. ಅವನ ಕೈಗೆ ಬಂದದ್ದು ಒಡೆಯದೆ ಬಡಿಸಿಕೊಳ್ಳುವ, ಅದ್ಭುತವಾಗಿ ಮೊಳಗುವ ಕಂಚು. ಸುಲ್ತಾನನ ಸೈನ್ಯದ ವಾದ್ಯಮೇಳಕ್ಕೆ ಅದು ಬೇಕಾಗಿತ್ತು. ಸುಲ್ತಾನ ಕೊಟ್ಟ ‘ಜಿಲ್ಜಿಯನ್’ ಎಂಬ ಹೆಸರೇ ಮನೆತನದ ಹೆಸರಾಯಿತು. 1623ರಲ್ಲಿ ಅವನದೇ ಕಾರ್ಖಾನೆ ಶುರುವಾಯಿತು.

ತುರ್ಕಿ ಸೈನ್ಯದ ಆ ಸದ್ದು ಯುರೋಪನ್ನು ಮರುಳು ಮಾಡಿತು. 1782ರಲ್ಲಿ ಮೊಜಾರ್ಟ್ ತನ್ನ ಸಂಗೀತ ನಾಟಕವೊಂದರಲ್ಲಿ ಸಿಂಬಲ್ ಬಳಸಿದ. 1929ರಲ್ಲಿ ಆ ಮನೆತನದ ಇನ್ನೊಬ್ಬ ಅವೆದಿಸ್ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಕಾರ್ಖಾನೆ ತೆರೆದ. ಜಾಝ್ ವಾದಕರ ಜೊತೆ ಸೇರಿ ಇಂದಿನ ಡ್ರಮ್ ಸೆಟ್ಟಿನ ಸಿಂಬಲ್‌ಗಳಿಗೆ ರೂಪ ಕೊಟ್ಟ. ಇಸ್ತಾಂಬುಲ್‌ನಲ್ಲಿ ಉಳಿದ ಶಾಖೆ ಕೈಬಡಿತದ ಸಿಂಬಲ್‌ಗಳನ್ನು 1970ರ ದಶಕದವರೆಗೂ ಮಾಡುತ್ತಿತ್ತು. ಇಂದು ವಾದಕರು ಹುಡುಕಿಕೊಂಡು ಹೋಗುವುದು ಇವನ್ನೇ.

ಏಟು ಬಿದ್ದ ಮೇಲೆ ನಡೆಯುವುದು

ತಾಳವನ್ನು ನಡುವಿನ ತೂತಿಗೆ ದಾರ ಪೋಣಿಸಿ ಯಾಕೆ ಹಿಡಿಯುತ್ತಾರೆ? ಒಂದು ತಾಳವನ್ನು ದಾರದಲ್ಲಿ ತೂಗಬಿಟ್ಟು ಮರದ ಕಡ್ಡಿಯಿಂದ ಅಂಚಿಗೆ ಮೆಲ್ಲಗೆ ತಟ್ಟಿ. ಮೊಳಗುವಾಗ ನಡುವಿನ ಉಬ್ಬಿಗೆ ಬೆರಳು ಮುಟ್ಟಿಸಿ, ನಾದ ಹೆಚ್ಚು ಕುಂದುವುದಿಲ್ಲ. ಈಗ ಅಂಚಿಗೆ ಮುಟ್ಟಿಸಿ, ತಟ್ಟನೆ ಸಾಯುತ್ತದೆ. ಕಂಪನದ ಬಹುಪಾಲು ಅಂಚಿನಲ್ಲಿ ನಡೆಯುತ್ತದೆ, ನಡು ಹೆಚ್ಚುಕಡಿಮೆ ಅಲುಗುವುದಿಲ್ಲ. 1787ರಲ್ಲಿ ಜರ್ಮನಿಯ ಅರ್ನ್ಸ್ಟ್ ಕ್ಲಾಡ್ನಿ ಲೋಹದ ತಟ್ಟೆಯ ಮೇಲೆ ಮರಳು ಉದುರಿಸಿ, ಅಂಚಿಗೆ ಪಿಟೀಲಿನ ಕಮಾನು ಎಳೆದು ಅಲುಗದ ಜಾಗಗಳ ಗೆರೆಗಳನ್ನು ತೋರಿಸಿದ. ಆ ವಿಜ್ಞಾನ ನಮ್ಮ ತಾಳದ ದಾರದಲ್ಲಿ ಬಹಳ ಮೊದಲೇ ಇತ್ತು.

ಎರಡು ತಾಳಗಳನ್ನು ನೇರಾನೇರ ಅಪ್ಪಳಿಸಿದರೆ ನಡುವೆ ಗಾಳಿ ಸಿಕ್ಕಿಹಾಕಿಕೊಂಡು ‘ಟಪ್’ ಎನ್ನುತ್ತದೆ. ಪಳಗಿದವರು ಅಂಚನ್ನು ಒಂದಿಷ್ಟು ಓರೆ ಮಾಡಿ ತಾಕಿಸುವುದು ಅದಕ್ಕೇ. ಜೋಡಿ ತಾಳಗಳು ಒಂದಕ್ಕೊಂದು ತುಸು ಬೇರೆ ಇದ್ದರೆ ನಾದ ಅಲೆಯಲೆಯಾಗಿ ತೂಗುತ್ತದೆ. ಒಂದು ಸೆಕೆಂಡಿಗೆ 2000 ಸಲ, ಇನ್ನೊಂದು 2006 ಸಲ ಕಂಪಿಸಿದರೆ ಸೆಕೆಂಡಿಗೆ ಆರು ತೂಗು ಕೇಳಿಸುತ್ತವೆ.

ದೊಡ್ಡ, ತೆಳು ಸಿಂಬಲ್‌ನಲ್ಲಿ ಇನ್ನೂ ಸೋಜಿಗದ ಸಂಗತಿ ನಡೆಯುತ್ತದೆ. ಏಟಿನ ಶಕ್ತಿ ಮೊದಲು ಕೆಲವೇ ನಿಧಾನ ಕಂಪನಗಳಲ್ಲಿ ಇರುತ್ತದೆ. ತುಂಗಭದ್ರಾ ಎಡದಂಡೆಯ ದೊಡ್ಡ ಕಾಲುವೆಯ ನೀರು ಉಪಕಾಲುವೆಗಳಿಗೆ, ಅಲ್ಲಿಂದ ಹೊಲಗಾಲುವೆಗಳಿಗೆ ಹಂಚಿಹೋಗುವಂತೆ ಆ ಶಕ್ತಿ ಮೇಲಿನ ನೂರಾರು ವೇಗದ ಕಂಪನಗಳಿಗೆ ಹಂಚಿಹೋಗುತ್ತದೆ. ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಮೂರರಿಂದ ಐದು ಸಾವಿರ ಕಂಪನಗಳ ಪಟ್ಟಿಯಲ್ಲಿ ‘ಝುಂಯ್’ ಎಂಬ ಮಿಂಚು ಎದ್ದು ನಿಲ್ಲುತ್ತದೆ. ಏಟಿನ ನಂತರ ಸದ್ದು ಅರಳಿದಂತೆ ಅನಿಸುವುದು ಇದರಿಂದ. ಇಷ್ಟು ಕಂಪನಗಳು ಬೆರೆತಾಗ ಇಂಥದೇ ಸ್ವರ ಎಂದು ಹೇಳಲಾಗುವುದಿಲ್ಲ. ಹಾರ್ಮೋನಿಯಂನ ಕರಿ ಎರಡಕ್ಕೆ ಹಾಡಿದರೂ ಬಿಳಿ ನಾಲ್ಕಕ್ಕೆ ಹಾಡಿದರೂ ಅದು ಹೊಂದಿಕೊಳ್ಳುತ್ತದೆ. ಮೃದಂಗ, ತಬಲಾಗಳ ನಡುವಿನ ಕರಣೆ ಚರ್ಮದ ಕಂಪನಗಳನ್ನು ಸ್ವರಕ್ಕೆ ಹೊಂದಿಸುತ್ತದೆಂದು ಸರ್ ಸಿ.ವಿ. ರಾಮನ್ ತೋರಿಸಿದ್ದರು. ಸಿಂಬಲ್ ಅದರ ಎದುರು ತುದಿಯಲ್ಲಿ ನಿಂತ ವಾದ್ಯ.

ಇನ್ನು ಹಳೆಯದರ ಗುಟ್ಟು. ತವರ ತಾಮ್ರಕ್ಕಿಂತಲೂ ದುಬಾರಿ. ನಮ್ಮ ದೇಶದಲ್ಲಿ ಅದರ ಅದಿರು ತೆಗೆಯುವುದು ಛತ್ತೀಸಗಢದಲ್ಲಿ ಮಾತ್ರ. ಅಗ್ಗದ ತಾಳಗಳಿಗೆ ತಾಮ್ರ–ಸತುವಿನ ಹಿತ್ತಾಳೆ ಬಂತು. ಹಾಳೆಯನ್ನು ಯಂತ್ರದಲ್ಲಿ ಒತ್ತಿದರೆ ತಾಳ ಸಿದ್ಧ. ಹಿತ್ತಾಳೆಯ ಒಳನಷ್ಟ ಹೆಚ್ಚಾದ್ದರಿಂದ ನಾದ ಬೇಗ ಅಡಗುತ್ತದೆ. ಕೈಯಿಂದ ಬಡಿದ ಕಂಚಿನ ತಾಳದಲ್ಲಿ ದಪ್ಪ ಒಂದೇ ಸಮ ಇರುವುದಿಲ್ಲ, ಪ್ರತಿ ಏಟೂ ಲೋಹದೊಳಗೆ ಬಿಗಿಯನ್ನು ಉಳಿಸುತ್ತದೆ. ಇದರಿಂದ ಕಂಪನಗಳು ಒಡೆದು ಹೆಚ್ಚಾಗಿ ನಾದಕ್ಕೆ ತುಂಬು ಬರುತ್ತದೆ. ವಯಸ್ಸು ಸೇರಿಸುವುದು ಸ್ವಲ್ಪ: ಮೇಲೆ ಕಟ್ಟಿದ ಕಿಲುಬು, ಜಿಡ್ಡು ಅತಿ ಚೂಪು ಸದ್ದನ್ನು ತಗ್ಗಿಸುತ್ತವೆ. ಮತ್ತೊಂದು ಸಂಗತಿ, ನಾದವಿಲ್ಲದ ಹಳೆಯ ತಾಳಗಳು ಎಂದೋ ಕರಗಿ ಪಾತ್ರೆಗಳಾಗಿವೆ. ಜನ ಕಾಪಾಡಿಕೊಂಡದ್ದು ಒಳ್ಳೆಯವನ್ನು ಮಾತ್ರ.

ನಿಮ್ಮೂರ ಗುಡಿಯ ತಾಳ

ರಸಮಂಜರಿ ವೇದಿಕೆಯಲ್ಲಿ ಈಗ ರಿದಂ ಪ್ಯಾಡ್ ತಟ್ಟಿದರೆ ಸಿಂಬಲ್ ಕೇಳಿಸುತ್ತದೆ. ಅದರೊಳಗಿರುವುದೂ ನಿಜವಾದ ಕಂಚಿನಿಂದ ಮುದ್ರಿಸಿಕೊಂಡ ಸದ್ದೇ. ಮೂಲ ಕಂಚು ಉಳಿದರೆ ಮಾತ್ರ ಮುಂದಿನವರು ಅದನ್ನು ಕಿವಿಯಾರೆ ಕೇಳಬಲ್ಲರು.

ನಿಮ್ಮ ಊರಿನ ಗುಡಿಯಲ್ಲೋ ಭಜನಾ ಮಂಡಳಿಯ ಪೆಟ್ಟಿಗೆಯಲ್ಲೋ ಹಳೆಯ ತಾಳ ಇದ್ದರೆ ತೂಕಕ್ಕೆ ಹಾಕಬೇಡಿ. ದಾರದಲ್ಲಿ ತೂಗಿ ತಟ್ಟಿ ನೋಡಿ. ಬಹಳ ಹೊತ್ತು ಮೊಳಗಿದರೆ ಅದು ಒಳ್ಳೆಯ ಕಂಚು. ಯಂತ್ರಕ್ಕೆ ಕೊಟ್ಟು ಉಜ್ಜಿಸಬೇಡಿ, ಲೋಹ ಸವೆದು ನಾದ ಬದಲಾಗುತ್ತದೆ. ಸೋಪಿನ ನೀರು, ಒಣ ಬಟ್ಟೆ ಸಾಕು. ತೂತಿಗೆ ತಂತಿ ಹಾಕಬೇಡಿ, ತೂತು ಕೊರೆದು ಅಗಲವಾಗುತ್ತದೆ. ಹತ್ತಿಯ ಹುರಿಯೇ ಸರಿ. ಬಿರುಕು ಬಿಟ್ಟಿದ್ದರೆ ಬೆಸುಗೆ ಹಾಕಿಸಬೇಡಿ, ಆ ಕಾವಿಗೆ ಕಂಚು ಮತ್ತೆ ಒಡಕಾಗುತ್ತದೆ. ಬಿರುಕಿನ ತುದಿಯಲ್ಲಿ ಸಣ್ಣ ತೂತು ಕೊರೆಸಿದರೆ ಅದು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ಪೆಟ್ಟಿಗೆಯಲ್ಲಿ ಮುಚ್ಚಿಡದೆ ಮುಂದಿನ ಭಜನೆಗೆ ಊರಿನ ಹುಡುಗ ಹುಡುಗಿಯರ ಕೈಗೆ ಕೊಡಿ, ಹಿಡಿಯುವ ರೀತಿಯನ್ನೂ ಕಲಿಸಿ.