ತುರಹಳ್ಳಿ ಬಂಡೆಯ ಬಣ್ಣಗಾರ

ಏಪ್ರಿಲ್ ಕಳೆದು ಬಿಸಿಲು ಬಲಿತ ಮೇಲೆ ತುರಹಳ್ಳಿ ಕಾಡಿನ ಬಂಡೆಗಳನ್ನು ಗಂಡು ಓತಿಕ್ಯಾತಗಳು ಹಂಚಿಕೊಂಡುಬಿಡುತ್ತವೆ. ಒಂದೊಂದು ಬಂಡೆಯ ನೆತ್ತಿಗೂ ಒಂದೊಂದು. ಹೆಣ್ಣು ಹತ್ತಿರ ಸುಳಿದರೆ ಗಂಡಿನ ಬೆನ್ನು ಕೆಂಪಾಗುತ್ತದೆ, ಪಕ್ಕೆ ಕಡುಗಪ್ಪು. ಇನ್ನೊಂದು ಗಂಡು ಗಡಿ ದಾಟಿ ಬಂದರೆ ಅದೇ ಬೆನ್ನು ಹಳದಿಗೆ ತಿರುಗಿ ಪಕ್ಕೆಗಳು ಕಿತ್ತಳೆಯಾಗುತ್ತವೆ. ಒಲುಮೆಗೆ ಒಂದು ಜೋಡಿ ಬಣ್ಣ, ಜಗಳಕ್ಕೆ ಇನ್ನೊಂದು ಜೋಡಿ. ನಾವು ನೋಡನೋಡುತ್ತಿರುವಂತೆಯೇ ಇಷ್ಟೂ ನಡೆದುಹೋಗುತ್ತದೆ. ಬಣ್ಣ ಬದಲಿಸುವುದು ಗೋಸುಂಬೆಗೆ ಮಾತ್ರ ಗೊತ್ತು ಎಂದುಕೊಂಡವರು ಬೆಂಗಳೂರು ಬಿಟ್ಟು ಎಲ್ಲಿಗೂ ಹೋಗಬೇಕಾಗಿಲ್ಲ. ನಮ್ಮ ಮೆಟ್ರೊದ ಹಸಿರು ಮಾರ್ಗದಲ್ಲಿ ವಾಜರಹಳ್ಳಿಯಲ್ಲಿ ಇಳಿದು ಅಲ್ಲಿಂದ ಆಟೊ ಹಿಡಿದರೆ ಸಾಕು.

ಕನಕಪುರ ರಸ್ತೆಗೂ ಉತ್ತರಹಳ್ಳಿ ಕಡೆಯ ಬಡಾವಣೆಗಳಿಗೂ ನಡುವೆ ಉಳಿದಿರುವ ಕುರುಚಲು ಕಾಡು ತುರಹಳ್ಳಿ. ಸುಮಾರು 590 ಎಕರೆ. ಬೆಂಗಳೂರು ದಕ್ಷಿಣದಲ್ಲಿ ಯಾರೂ ನೆಟ್ಟು ಬೆಳೆಸದೆ ತಾನೇ ತಾನಾಗಿ ಇರುವ ಕಾಡೆಂದರೆ ಈಗ ಬಹುಮಟ್ಟಿಗೆ ಇದೇ. ಒಂದು ಮಗ್ಗುಲಲ್ಲಿ ಬನಶಂಕರಿ 6ನೇ ಹಂತದ ನಿವೇಶನಗಳು, ಇನ್ನೊಂದು ಮಗ್ಗುಲಲ್ಲಿ ಬಹುಮಹಡಿ ವಸತಿ ಕಟ್ಟಡಗಳು. ನಡುವೆ ಮಣ್ಣಿನ ಕಾಲುದಾರಿ. ನಿಂತು ನೋಡುತ್ತಾ ನಡೆದರೂ ಒಂದು ತಾಸಿನೊಳಗೆ ಮುಗಿಯುವ ಸುತ್ತು ಅದು.

ಕಾಡು ಎಂದ ಕೂಡಲೇ ಮಲೆನಾಡನ್ನು ನೆನೆದು ಬಂದವರಿಗೆ ಮೊದಲ ಹತ್ತು ನಿಮಿಷ ನಿರಾಸೆಯಾಗಬಹುದು. ಇಲ್ಲಿ ತಲೆಯೆತ್ತಿ ನೋಡುವಂಥ ಮರಗಳು ಕಡಿಮೆ. ಜಾಲಿ, ಕಾರೆ, ಎಲಚಿ, ತಂಗಡಿ, ನಡುನಡುವೆ ಹೊಂಗೆ, ಕಕ್ಕೆ, ಹಿಂದೆ ಹಾಕಿದ ನೀಲಗಿರಿಯ ಸಾಲು, ಎಲ್ಲೆಂದರಲ್ಲಿ ನುಗ್ಗಿದ ಲಂಟಾನ. ಬೇಸಿಗೆಯಲ್ಲಿ ಬಹುತೇಕ ಎಲ್ಲವೂ ಬಣಗುಡುತ್ತವೆ. ಕುರುಚಲು ಕಾಡಿನ ಸ್ವಭಾವವೇ ಅದು. ಸರ್ಕಾರಿ ದಾಖಲೆಗಳಲ್ಲಿ ‘ಪಾಳು’ ಎಂದು ಬರೆಸಿಕೊಂಡು ಇಂಥ ಎಷ್ಟೋ ಜಾಗಗಳು ನಮ್ಮ ಬಯಲುಸೀಮೆಯಲ್ಲಿ ಮಾಯವಾಗಿವೆ. ಹಸಿರಾಗಿಲ್ಲದ್ದು ಕಾಡಲ್ಲ ಎಂಬ ನಮ್ಮ ತಿಳಿವಳಿಕೆಯೇ ಅವುಗಳ ಪಾಲಿಗೆ ಮುಳುವಾಯಿತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ದಾರಿ ಸ್ವಲ್ಪ ಏರುತ್ತಲೇ ಬಂಡೆಗಳು ಶುರುವಾಗುತ್ತವೆ. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತು ಕೂತಿರುವ ಬಂಡೆಯ ಬಂಧುಗಳೇ ಇವು. ಭೂವಿಜ್ಞಾನಿಗಳು ಪೆನಿನ್ಸುಲರ್ ನೈಸ್ ಎಂದು ಕರೆಯುವ, ಸುಮಾರು 300 ಕೋಟಿ ವರ್ಷ ಹಳೆಯ ಶಿಲೆ. ಹಗಲು ಕಾದು ರಾತ್ರಿ ತಣಿದು, ಮಳೆ ನೆನೆದು ಬಿಸಿಲಿಗೆ ಒಣಗಿ, ಕಾಲಾಂತರದಲ್ಲಿ ಇದರ ಮೇಲ್ಮೈ ಪದರ ಪದರವಾಗಿ ಎದ್ದು ಬರುತ್ತದೆ. ಎದ್ದ ಹಲ್ಲೆಗೂ ತಾಯಿಬಂಡೆಗೂ ನಡುವೆ ಎರಡು ಬೆರಳು ತೂರುವಷ್ಟು ಸಂದು. ಆ ಸಂದೇ ಓತಿಕ್ಯಾತದ ಮನೆ. ರಾತ್ರಿ ಅಲ್ಲೇ ನಿದ್ದೆ, ಗಿಡುಗನ ನೆರಳು ಬಿದ್ದರೆ ಅಲ್ಲಿಗೇ ಓಟ.

ನಾನು ಇಲ್ಲಿಗೆ ಬಂದದ್ದೇ ಈ ಓತಿಗಾಗಿ. ಹಾಗಾಗಿ ನವಿಲುಗಳಿಗೆ, ಚಿಟ್ಟೆಗಳಿಗೆ, ಬಲೆಯ ನಡುವೆ ಅಂಕುಡೊಂಕಾಗಿ ಸಹಿ ಹಾಕಿದಂತೆ ನೂಲು ಹೊಸೆಯುವ ಜೇಡಗಳಿಗೆ ಈ ಲೇಖನದಲ್ಲಿ ನ್ಯಾಯ ಸಿಗುವುದಿಲ್ಲ. ಅವಕ್ಕೆ ಬೇರೆ ಅಭಿಮಾನಿಗಳಿದ್ದಾರೆ.

‘ಬೇಲಿಗೆ ಓತಿಕ್ಯಾತ ಸಾಕ್ಷಿ’ ಎಂಬ ಗಾದೆಯಲ್ಲಿ ಬರುವುದು ತೋಟದ ಓತಿ. ಗಿಡಗಂಟಿಯ ಮೇಲೆ ಎಲ್ಲ ಊರಲ್ಲೂ ಕಾಣುತ್ತದೆ. ತುರಹಳ್ಳಿಯ ಬಂಡೆಗಳ ಮೇಲಿರುವುದು ಅದರ ದಾಯಾದಿ. ವಿಜ್ಞಾನದಲ್ಲಿ ಸಾಮೊಫಿಲಸ್ ಡಾರ್ಸಾಲಿಸ್ ಎಂದು ಹೆಸರು. ದಕ್ಷಿಣ ಭಾರತದ ಕಲ್ಲುಗುಡ್ಡಗಳೇ ಇದರ ನೆಲೆ. ಗಂಡು ಬಾಲವೂ ಸೇರಿ ಒಂದಡಿ ದಾಟಬಹುದು. ಹೆಣ್ಣು ಚಿಕ್ಕದು, ಕಂದುಬೂದಿನ ಮೈ. ಕಲ್ಲಿನ ಮೇಲೆ ಕದಲದೆ ಕೂತರೆ ಎರಡು ಮಾರು ದೂರದಿಂದಲೂ ಗುರುತು ಹತ್ತುವುದಿಲ್ಲ. ಇರುವೆಗಳೂ ಸಣ್ಣಪುಟ್ಟ ಹುಳಗಳೂ ಇವುಗಳ ಆಹಾರ. ಉಳಿದ ಕಾಲದಲ್ಲಿ ಗಂಡೂ ಕಲ್ಲಿನ ಬಣ್ಣಕ್ಕೆ ಹತ್ತಿರವಾಗಿಯೇ ಇರುತ್ತದೆ. ಬೇಸಿಗೆಯ ನಡುವಿನಿಂದ ಮಳೆಗಾಲದ ಮುಕ್ಕಾಲು ಭಾಗದವರೆಗೆ ಕೂಡುವ ಕಾಲ. ಆಗ ಅದು ಅಡಗುವುದನ್ನು ಬಿಟ್ಟು ಕಾಣಿಸಿಕೊಳ್ಳುವ ಕೆಲಸಕ್ಕೆ ಇಳಿಯುತ್ತದೆ. ಬಂಡೆಯ ತುತ್ತತುದಿಗೆ ಏರುತ್ತದೆ, ಮುಂಗಾಲೂರಿ ಎದೆ ಎತ್ತಿ ಇಳಿಸಿ ದಂಡ ಹೊಡೆಯುತ್ತದೆ, ಗೋಣು ಆಡಿಸುತ್ತದೆ. ಆಕಾಶದಲ್ಲಿ ಸುತ್ತುವ ಹಕ್ಕಿಗೂ ಆ ಕೆಂಪು ಕಾಣುತ್ತದೆ. ಹಾಗಾಗಿಯೇ ಬಣ್ಣ ಅದಕ್ಕೆ ಬೇಕಾದಾಗ ಏರಬೇಕು, ಬೇಡವಾದಾಗ ಇಳಿಯಬೇಕು. ಹೆಚ್ಚಿನವು ಎರಡು ಬೇಸಿಗೆ ಕಾಣುವಷ್ಟೂ ಬದುಕುವುದಿಲ್ಲ. ಇರುವ ಒಂದು ಹಂಗಾಮಿನಲ್ಲೇ ಎಲ್ಲ ಆಗಬೇಕು.

ಈ ಜೀವಿಯನ್ನು ಮೊದಲು ಗಂಭೀರವಾಗಿ ಲೆಕ್ಕಕ್ಕೆ ತೆಗೆದುಕೊಂಡವರಲ್ಲಿ ನಮ್ಮ ಧಾರವಾಡದವರು ಮುಖ್ಯರು. ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಎಸ್.ಕೆ. ಸೈದಾಪುರ, ಭಾಗ್ಯಶ್ರೀ ಶಾನಭಾಗ ಮತ್ತು ಅವರ ಶಿಷ್ಯರು ಇವು ಎಲ್ಲಿ ಕೂರುತ್ತವೆ, ದಿನದ ಯಾವ ಹೊತ್ತಿಗೆ ಓಡಾಡುತ್ತವೆ, ಎಷ್ಟು ಒತ್ತಾಗಿ ವಾಸಿಸುತ್ತವೆ ಎಂಬುದನ್ನೆಲ್ಲ ತಾಳ್ಮೆಯಿಂದ ಅಧ್ಯಯನ ಮಾಡಿದರು. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿ ಮರಿಯಾ ಥಾಕರ್ ಮತ್ತು ಅನುರಾಧಾ ಬಟಬ್ಯಾಲ್ ಹೊಸ ಪ್ರಶ್ನೆ ಕೇಳಿದರು: ಊರು ಬೆಳೆದು ಬಂಡೆಯ ಬುಡಕ್ಕೇ ಬಂದಾಗ ಓತಿಗೆ ಏನಾಗುತ್ತದೆ?

ಬಂದ ಉತ್ತರಗಳು ನನ್ನನ್ನು ಬಹುಕಾಲ ಬಿಡಲಿಲ್ಲ. ಒಲಿಸಲಿಕ್ಕೂ ಜಗಳಕ್ಕೂ ಬೇರೆ ಬೇರೆ ಬಣ್ಣ ಎಂಬುದನ್ನು ಅವರು 2017ರಲ್ಲಿ ಪ್ರಕಟಿಸಿದರು. ಊರಂಚಿನ ಓತಿಗಳು ಮನುಷ್ಯರನ್ನು ಹೆಚ್ಚು ಹತ್ತಿರಕ್ಕೆ ಬಿಟ್ಟುಕೊಳ್ಳುತ್ತವೆ ಎಂದೂ ಕಂಡುಕೊಂಡರು. 2019ರ ಅಧ್ಯಯನವೊಂದರಲ್ಲಿ ಕಾಡುಮೇಡಿನ ಓತಿಗಳನ್ನೂ ಊರಂಚಿನ ಓತಿಗಳನ್ನೂ ಪರೀಕ್ಷೆಗೆ ಒಡ್ಡಿದರು. ಅಡಗಲು ಎರಡು ಜಾಗ ಕೊಟ್ಟು, ಅಪಾಯವಿಲ್ಲದ್ದು ಯಾವುದೆಂದು ಕಲಿಯಲು ಬಿಟ್ಟರು. ಊರಂಚಿನವು ಬೇಗ ಕಲಿತವು, ಕಡಿಮೆ ತಪ್ಪು ಮಾಡಿದವು. ಆದರೆ ಊರಂಚಿನ ಗಂಡುಗಳ ಬಣ್ಣ ಮಾತ್ರ ಮಂಕು. ಹಳ್ಳಿಗಾಡಿನ ಬಂಡೆಯ ಮೇಲೆ ಕಾಣುವಷ್ಟು ಕೆಂಪು ಅಲ್ಲಿ ಏರುವುದಿಲ್ಲ. ಅದೇ ಸಂಸ್ಥೆಯ ಇನ್ನೊಂದು ಅಧ್ಯಯನ ನಗರದ ಓತಿಗಳು ಎಲ್ಲಿ ಮಲಗುತ್ತವೆ ಎಂದು ಹುಡುಕಿತು. ಬಂಡೆಯ ಸಂದು ಸಿಗದ ಕಡೆ ಅವು ಒರಟು ಕಾಂಕ್ರೀಟಿನ, ಮೇಲೆ ಮರೆಯಿರುವ, ಬೆಳಕು ಬೀಳದ ಸಂದನ್ನೇ ಆರಿಸಿಕೊಂಡಿದ್ದವು. ಮನೆ ಕಳೆದುಕೊಂಡ ಮೇಲೂ ಹಳೆಯ ಮನೆಯಂಥದ್ದನ್ನೇ ಹುಡುಕಿಕೊಂಡಿದ್ದವು. ಬೆಂಗಳೂರಿಗೆ ಬಂದು ನೆಲೆಸಿದ ನನ್ನಂಥವರು ಇದನ್ನು ಓದಿ ಸುಮ್ಮನೆ ಪುಟ ತಿರುಗಿಸಲಾರರು.

ಕಾಲುದಾರಿಯ ತಿರುವಿನಲ್ಲಿ ಸಿಕ್ಕ ಹಿರಿಯರೊಬ್ಬರು ಇಲ್ಲಿನ ಚರಿತ್ರೆಯನ್ನು ನಿಂತಲ್ಲೇ ಹೇಳಿದರು. ಎಂಬತ್ತರ ಆಸುಪಾಸು, ಪಕ್ಕದ ಹಳ್ಳಿಯವರು. ಚಿಕ್ಕಂದಿನಲ್ಲಿ ಇಲ್ಲೇ ಮೇಕೆ ಕಾದವರು. ಈಗ ಆ ಹಳ್ಳಿ ಒಂದು ವಾರ್ಡು, ಅವರ ಹೊಲ ಒಂದು ಲೇಔಟು.

“ಅವಾಗ ಇದನ್ನ ಯಾರು ಕಾಡು ಅಂತಿದ್ರು ಸಾಮಿ? ಗುಡ್ಡ ಅಂತಿದ್ವಿ ಅಷ್ಟೇ. ಮೇಕೆ ಬಿಟ್ಕೊಂಡು ಬಂದ್ರೆ ಹೊತ್ತು ಇಳಿಯೋಗಂಟ ಇಲ್ಲೇ. ಕಾರೆ ಹಣ್ಣು, ಎಲಚಿ ಹಣ್ಣು, ಅದೇ ಮಧ್ಯಾಹ್ನದ ಊಟ. ತಂಗಡಿ ತೊಗಟೆ ಚರ್ಮ ಹದ ಮಾಡೋರು ಕೇಳ್ಕೊಂಡು ಬರೋರು.”

ಓತಿಕ್ಯಾತದ ಮಾತು ತೆಗೆದೆ. ತಾತ ತಲೆ ತಗ್ಗಿಸಿದರು.

“ಕಲ್ಲು ಹೊಡೀತಿದ್ವಿ. ಅದು ತಲೆ ಆಡಿಸೋದು ನಮ್ಮನ್ನ ಅಣಕಿಸೋಕೆ ಅಂತ. ಯಾರೋ ದೊಡ್ಡೋರು ಹಂಗೇ ಹೇಳಿದ್ರು, ನಾವೂ ನಂಬಿದ್ವಿ. ಎಷ್ಟು ಹೊಡೆದಿದ್ದೀವೋ.” ಸ್ವಲ್ಪ ತಡೆದು ಸೇರಿಸಿದರು, “ಅಷ್ಟು ಹೊಡೆದ್ರೂ ಮಾರನೇ ದಿನಕ್ಕೆ ಬಂಡೆ ತುಂಬ ಇರೋವು. ಈಗ ಯಾರೂ ಹೊಡಿಯಲ್ಲ, ಅವೂ ಇಲ್ಲ.”

ಅವರು ಹೇಳಿದ್ದರಲ್ಲಿ ನನ್ನನ್ನು ಹಿಡಿದಿಟ್ಟದ್ದು ಬಂಡೆ ಸೀಳುವ ಹಳೆಯ ವಿದ್ಯೆ. ಮದ್ದಿಡುವ ಕಾಲಕ್ಕೆ ಮುಂಚೆ ಸುತ್ತಲಿನ ಗುಡ್ಡಗಳಲ್ಲಿ ಕಲ್ಲುಕೆಲಸದವರು ಬೆಂಕಿಯಿಂದಲೇ ಚಪ್ಪಡಿ ಎಬ್ಬಿಸುತ್ತಿದ್ದರಂತೆ. ಬಂಡೆಯ ಮೇಲೆ ಸಾಲಾಗಿ ಸೌದೆ ಉರಿಸುವುದು, ಕಲ್ಲು ಕಾದಂತೆ ಬೆಂಕಿಯನ್ನು ಒಂದೊಂದು ಗೇಣು ಮುಂದೆ ಸರಿಸುವುದು, ಜೊತೆಗೇ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುವುದು. ಗಟ್ಟಿ ಸದ್ದು ಬಂದರೆ ಅಡಿಯಲ್ಲಿ ಇನ್ನೂ ಅಂಟಿಕೊಂಡಿದೆ, ಟೊಳ್ಳು ಸದ್ದು ಬಂದರೆ ಪದರ ಬಿಟ್ಟಿದೆ. ಹೀಗೆ ಅಂಗಳದಷ್ಟು ಅಗಲದ ಹಲ್ಲೆ ಒಡೆಯದೆ ಎದ್ದು ಬರುತ್ತಿತ್ತು. ಆಮೇಲೆ ಅದನ್ನು ಉಳಿಯಿಂದ ಪಟ್ಟಿ ಪಟ್ಟಿಯಾಗಿ ಸೀಳುವುದು. ಹಳೆಯ ಬೆಂಗಳೂರಿನ ಮನೆಗಳ ಚಪ್ಪಡಿ, ತೋಟದ ಬೇಲಿಗೆ ನಿಲ್ಲಿಸಿದ ಕಲ್ಲುಕಂಬ, ಬಾವಿಕಟ್ಟೆ ಎಲ್ಲ ಇಂಥ ಗುಡ್ಡಗಳ ಮೈಯಿಂದಲೇ ಬಂದವು. ಬಿಸಿಲು ಸಾವಿರಾರು ವರ್ಷ ಹಿಡಿದು ಮಾಡುವ ಕೆಲಸವನ್ನು ಕೈಕಸುಬಿನವರು ಒಂದು ಹಗಲಿನಲ್ಲಿ ಮಾಡುತ್ತಿದ್ದರು. ತಾತನ ಬೆರಳುಗಳು ನನ್ನೆದುರಿನ ಬಂಡೆಯನ್ನು ತಟ್ಟಿ ತೋರಿಸಿದವು. ಎದ್ದ ಹಲ್ಲೆಯ ಮೇಲೆ ತಟ್ಟಿದಾಗ ಸದ್ದು ನಿಜಕ್ಕೂ ಬೇರೆ.

ಆ ಕಲ್ಲುಕೆಲಸಕ್ಕೆ ಗುಡ್ಡ ಪೂರ್ತಿ ಬೇಕಿರಲಿಲ್ಲ. ಈಗಿನ ಯಂತ್ರಗಳಿಗೆ ಗುಡ್ಡವೇ ಬೇಕು. ಸುತ್ತಲಿನ ಎಷ್ಟೋ ಬಂಡೆಗಳು ಜಲ್ಲಿಯಾಗಿ ಅಡಿಪಾಯಗಳಿಗೆ ಹೋದವು. ಅರಣ್ಯವೆಂದು ಹೆಸರು ಬಿದ್ದಿದ್ದರಿಂದ ತುರಹಳ್ಳಿಯದು ಉಳಿಯಿತು.

ಹಾಗೆ ಉಳಿದದ್ದಕ್ಕೂ ಇನ್ನೊಂದು ಬಗೆಯ ಕಂಟಕ ಎದುರಾಗಿತ್ತು. 2021ರ ಆರಂಭದಲ್ಲಿ ಇಲ್ಲಿ ಟ್ರೀ ಪಾರ್ಕ್ ಮಾಡುವ ಯೋಜನೆ ಸುದ್ದಿಯಾಯಿತು. ಟ್ರೀ ಪಾರ್ಕ್ ಎಂದರೆ ಸಾಮಾನ್ಯವಾಗಿ ಅಚ್ಚುಕಟ್ಟಾದ ನಡಿಗೆ ಪಥ, ಕೂರಲು ಮಂಟಪ, ಮಕ್ಕಳಿಗೆ ಆಟದ ಜಾಗ. ಕೇಳಲು ಚೆನ್ನಾಗಿಯೇ ಇದೆ. ಆದರೆ ಸುತ್ತಲಿನ ನಿವಾಸಿಗಳು, ಪಕ್ಷಿವೀಕ್ಷಕರು, ಬಂಡೆ ಹತ್ತಲು ಬರುವ ಹುಡುಗ ಹುಡುಗಿಯರು ಭಿತ್ತಿಪತ್ರ ಹಿಡಿದು ನಿಂತರು. ಕಾಡು ಕಾಡಾಗಿಯೇ ಇರಲಿ ಎಂಬುದಷ್ಟೇ ಅವರ ಬೇಡಿಕೆ. ಯೋಜನೆ ಕೈಬಿಡಲಾಯಿತು. ಊರಿನ ಜನ ತಮಗೆ ಸವಲತ್ತು ಬೇಡ ಎಂದು ಹೋರಾಡಿ ಗೆದ್ದ ಅಪರೂಪದ ಪ್ರಸಂಗವಿದು, ಇನ್ನೂ ಹೆಚ್ಚು ಜನಕ್ಕೆ ತಿಳಿಯಬೇಕು.

ಬಂಡೆಯೊಂದು ಉಳಿದರೆ ಸಾಲದು ಎಂಬುದನ್ನೂ ಈ ಓತಿಯೇ ತೋರಿಸಿಕೊಡುತ್ತದೆ. ಗಂಡು ದಿನವೆಲ್ಲ ಕಲ್ಲಿನ ಮೇಲೆ ಕಳೆದರೂ ಹೆಣ್ಣು ಮೊಟ್ಟೆಯಿಡಲು ಕೆಳಗಿಳಿಯಲೇಬೇಕು. ಬಂಡೆಯ ಬುಡದಲ್ಲಿ ಸಡಿಲ ಮಣ್ಣು ಹುಡುಕಿ, ಗುಂಡಿ ತೋಡಿ, ಮೊಟ್ಟೆಯಿಟ್ಟು, ಮುಚ್ಚಿ ಹೋಗುತ್ತದೆ. ಆಮೇಲೆ ಕಾವು ಕೊಡುವುದೆಲ್ಲ ನೆಲದ ಬಿಸಿಯೇ. ಅದೇ ಬುಡದಲ್ಲಿ ನಾವು ಇಂಟರ್‌ಲಾಕ್ ಕಲ್ಲು ಹಾಸಿದರೆ ಮೇಲಿನ ಬಂಡೆ ಹಾಗೇ ಇರುತ್ತದೆ, ಮುಂದಿನ ವರ್ಷ ಅದರ ಮೇಲೆ ಕೂರಲು ಓತಿ ಮಾತ್ರ ಇರುವುದಿಲ್ಲ. ಮುಳ್ಳುಗಿಡ, ಒಣಹುಲ್ಲು, ಪುಡಿಮಣ್ಣು ಎಲ್ಲವೂ ಇಲ್ಲಿ ಲೆಕ್ಕಕ್ಕಿವೆ. ಎದ್ದ ಹಲ್ಲೆಯನ್ನು ಕುತೂಹಲಕ್ಕೆ ಮಗುಚಿ ನೋಡುವವರೂ ಇದ್ದಾರೆ. ಒಮ್ಮೆ ಮಗುಚಿದ ಹಲ್ಲೆ ಮತ್ತೆ ಹಾಗೆ ಕೂರುವುದಿಲ್ಲ, ಒಂದು ಮನೆ ಹೋದಂತೆಯೇ.

ನೋಡಲು ಹೋಗುವವರಿಗೆ ಒಂದೆರಡು ಮಾತು. ಬೆಳಗಿನ ಜಾವಕ್ಕೇ ಹೋದರೆ ನವಿಲು ಸಿಕ್ಕೀತು, ಓತಿ ಸಿಗದು. ಕಲ್ಲು ಬಿಸಿಯೇರಿ ಮೈ ಕಾಯಿಸಿಕೊಂಡ ಮೇಲೆಯೇ ಅದರ ದಿನ ಶುರು, ನಡುಹಗಲ ಉರಿಯಲ್ಲಿ ಮತ್ತೆ ಮರೆಗೆ ಹೋಗುತ್ತದೆ. ಒಂದು ಬಂಡೆಯಿಂದ ದೂರ ಕೂತು ಕದಲದೆ ಕಾದರೆ ಸಾಕು. ಹೊಂಗೆ ನೆರಳಲ್ಲಿ ಕೂತಿದ್ದಾಗ ನನಗೆ ಕಂಡದ್ದು ಜಗಳದ ಬಣ್ಣ. ಎರಡು ಗಂಡುಗಳು ಒಂದೇ ಬಂಡೆಯ ಎರಡು ತುದಿಗಳಿಂದ ದಂಡ ಹೊಡೆದು, ಹಳದಿ ಬೆನ್ನು ಉಬ್ಬಿಸಿ, ಕೊನೆಗೆ ಚಿಕ್ಕದು ಬೂದಾಗಿ ಸಂದಿಗೆ ಸರಿಯಿತು. ಪೂರ್ತಿ ಕೆಂಪೇರಿದ್ದನ್ನು ನಾನು ಇಲ್ಲಿ ಇನ್ನೂ ನೋಡಿಲ್ಲ. ತಾತ ತಮ್ಮ ಕಾಲದಲ್ಲಿ ಕಂಡ ಕೆಂಪನ್ನು ಹೇಳಲು ಮುತ್ತುಗದ ಹೂವನ್ನು ನೆನೆದರು.

ಅವರ ಮೊಮ್ಮಗಳು ಕಾಡಿನ ಆಚೆ ಮಗ್ಗುಲಿನ ಕಟ್ಟಡವೊಂದರ ಒಂಬತ್ತನೇ ಮಹಡಿಯಲ್ಲಿದ್ದಾಳೆ, ಐದನೇ ಕ್ಲಾಸು. ಬಾಲ್ಕನಿಯಿಂದ ಇಡೀ ಗುಡ್ಡ ಕಾಣುತ್ತದಂತೆ, ಒಳಗೆ ಮಾತ್ರ ಒಮ್ಮೆಯೂ ಕಾಲಿಟ್ಟಿಲ್ಲ. ಸ್ಕೂಲಿಗೆ ರಜೆ ಬರುವುದು ಓತಿ ಬಣ್ಣಕ್ಕೆ ಬರುವ ಹೊತ್ತಿಗೇ. “ಈ ಸಲ ಕರ್ಕೊಂಡು ಬರ್ತೀನಿ ಅಂದಿದ್ದೀನಿ. ಅವರಮ್ಮ ಬಿಸಿಲು ಅಂತಾಳೆ,” ಎಂದರು ತಾತ. ಕೋಲು ಊರಿಕೊಂಡು, ಹಾವು ಹಲ್ಲಿ ನೋಡಿಕೊಂಡು ನಡೀರಿ ಎಂದು ನನಗೆ ಎಚ್ಚರ ಹೇಳಿ, ಲೇಔಟಿನ ಕಡೆಯ ದಾರಿಗೆ ತಿರುಗಿದರು.