ತಂಡದೊಡನೆ ಹೊರಡುವ ಕ್ರೀಡಾ ಸಾಮಗ್ರಿ: ವಿಮಾನ ಪ್ರಯಾಣಕ್ಕೆ ಸಿದ್ಧತೆ

ಕೊಡಗಿನಲ್ಲಿ ಬೇಸಗೆಯ ದಿನಗಳಲ್ಲಿ ನಡೆಯುವ ಕೊಡವ ಕೌಟುಂಬಿಕ ಹಾಕಿ ಉತ್ಸವವು 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರ ಪ್ರಯತ್ನದಿಂದ ಆರಂಭವಾಯಿತು. ಒಂದೊಂದು ಒಕ್ಕವೂ ತನ್ನದೇ ತಂಡವನ್ನು ಕಣಕ್ಕಿಳಿಸುವ ಈ ಉತ್ಸವಕ್ಕಾಗಿ ದೂರದ ನಗರಗಳಲ್ಲಿ ನೆಲೆಸಿದವರೂ ಊರಿಗೆ ಮರಳುತ್ತಾರೆ. ಕೊಡಗಿನಲ್ಲಿ ವಿಮಾನ ನಿಲ್ದಾಣವಿಲ್ಲ. ಮೈಸೂರು, ಕಣ್ಣೂರು, ಮಂಗಳೂರು ಅಥವಾ ಬೆಂಗಳೂರಿನಲ್ಲಿ ಇಳಿದು ರಸ್ತೆಯ ಮೂಲಕ ಸಾಗಬೇಕು. ಆಟಗಾರರೆಲ್ಲ ಇಳಿದರು, ಗೋಲ್‌ಕೀಪರನ ಚೀಲ ಮಾತ್ರ ಬರಲಿಲ್ಲ ಎಂದಾದರೆ ಗತಿಯೇನು? ಅಂಗಿಯನ್ನೋ ಬೂಟನ್ನೋ ಹೇಗಾದರೂ ಹೊಂದಿಸಿಕೊಳ್ಳಬಹುದು. ಶಿರಸ್ತ್ರಾಣ, ಎದೆಗವಚ, ಕಾಲಿನ ಪ್ಯಾಡುಗಳಿಲ್ಲದೆ ಗೋಲಿನ ಮುಂದೆ ನಿಲ್ಲುವುದು ಅಪಾಯಕರ.

ಕ್ರೀಡಾ ತಂಡದ ಪ್ರಯಾಣವೆಂದರೆ ಹದಿನೈದು ಮಂದಿಯ ಹದಿನೈದು ಪ್ರಯಾಣಗಳಲ್ಲ. ತಂಡದ ಸಾಮಾನು ಒಂದೇ ಸರಕು ಎಂದು ಭಾವಿಸಿ, ಟಿಕೆಟು ಕೊಳ್ಳುವ ಮೊದಲೇ ಅದರ ಲೆಕ್ಕ ಹಾಕತಕ್ಕದ್ದು. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯ ದರ್ಜೆಯ ಪ್ರಯಾಣಿಕನಿಗೆ ಬಹುತೇಕ 15 ಕಿಲೋ ಸಾಮಾನು ಉಚಿತ. ಹದಿನೈದು ಮಂದಿಗೆ 225 ಕಿಲೋ ಆಯಿತು. ಆದರೆ ಗೋಲ್‌ಕೀಪರನ ರಕ್ಷಾ ಸಾಮಗ್ರಿಯೊಂದೇ ಆತನ ಪಾಲಿನ ಬಹುಭಾಗವನ್ನು ನುಂಗುತ್ತದೆ. ಸಹ ಆಟಗಾರರ ಉಳಿಕೆ ತೂಕವನ್ನು ಆತನಿಗೆ ಸೇರಿಸಿಕೊಳ್ಳಲು ಅನೇಕ ಸಂಸ್ಥೆಗಳು ಅವಕಾಶ ಕೊಡುತ್ತವೆಯಾದರೂ, ಎಲ್ಲರ ಟಿಕೆಟು ಒಂದೇ ಬುಕಿಂಗ್ ಸಂಖ್ಯೆಯಲ್ಲಿದ್ದು ಎಲ್ಲರೂ ಒಟ್ಟಿಗೆ ಕೌಂಟರಿಗೆ ಬಂದಿದ್ದರೆ ಮಾತ್ರ. ಒಂದು ಸಂಖ್ಯೆಯಡಿ ಸಾಮಾನ್ಯವಾಗಿ 9 ಮಂದಿಗಿಂತ ಹೆಚ್ಚು ಹಿಡಿಸುವುದಿಲ್ಲ. ಹತ್ತು ಮಂದಿಯಾದರೆ ಅದು ಗುಂಪು ಟಿಕೆಟು, ಅದಕ್ಕೆ ಸಂಸ್ಥೆಯೊಡನೆ ಪ್ರತ್ಯೇಕವಾಗಿ ಮಾತನಾಡಬೇಕು. ಸಾಮಾನಿನ ವಿಷಯವನ್ನು ಎತ್ತಲು ಅದೇ ಸರಿಯಾದ ಸಮಯ. ಒಪ್ಪಿದ ಮಾತನ್ನು ಬರಹದಲ್ಲಿ ಪಡೆಯುವುದು ಒಳಿತು, ಏಕೆಂದರೆ ಕೌಂಟರಿನಲ್ಲಿ ಕುಳಿತವರಿಗೆ ಫೋನಿನಲ್ಲಿ ಯಾರೋ ಹೇಳಿದ ಮಾತು ತಿಳಿದಿರುವುದಿಲ್ಲ.

ಒಟ್ಟು ತೂಕ ಎಷ್ಟೇ ಉಳಿದಿರಲಿ, ಒಂದೊಂದು ಚೀಲವೂ 32 ಕಿಲೋ ಮೀರಬಾರದೆಂಬುದು ಜಗತ್ತಿನ ಬಹುತೇಕ ಎಲ್ಲೆಡೆ ಪಾಲಿಸುವ ಮಿತಿ. ಅದನ್ನು ಎತ್ತುವ ಕಾರ್ಮಿಕನ ಬೆನ್ನನ್ನು ಕಾಪಾಡಲು ಹಾಕಿದ ಮಿತಿಯಾದ್ದರಿಂದ ಹೆಚ್ಚು ಹಣ ಕೊಡುತ್ತೇವೆ ಎಂದರೂ ಅದು ಸಡಿಲವಾಗುವುದಿಲ್ಲ.

ತೂಕಕ್ಕಿಂತ ತೊಡಕಿನದು ಉದ್ದ. ಉದ್ದ, ಅಗಲ, ಎತ್ತರಗಳ ಮೊತ್ತ 158 ಸೆಂಟಿಮೀಟರ್ ಮೀರಬಾರದೆಂಬುದು ಸಾಮಾನ್ಯ ವಾಡಿಕೆ. ಹಾಕಿ ಕೋಲಿನ ಉದ್ದ ನಿಯಮದಂತೆ 105 ಸೆಂಟಿಮೀಟರ್ ಮೀರುವಂತಿಲ್ಲ. 110 ಸೆಂಟಿಮೀಟರ್ ಉದ್ದ, 25 ಅಗಲ, 20 ಎತ್ತರದ ಚೀಲದಲ್ಲಿ ಕೋಲುಗಳನ್ನು ಕಟ್ಟಿದರೆ ಮೊತ್ತ 155 ಆಗಿ ಮಿತಿಯೊಳಗೆ ನಿಲ್ಲುತ್ತದೆ. ಬಿಲ್ಲುಗಾರರ ರಿಕರ್ವ್ ಬಿಲ್ಲನ್ನು ಹಿಡಿ ಮತ್ತು ತೋಳುಗಳಾಗಿ ಬಿಚ್ಚಬಹುದು. ಸೈಕಲ್ಲಿನ ಮುಂಗಾಲಿ, ಪೆಡಲುಗಳನ್ನು ಕಳಚಿ, ಹ್ಯಾಂಡಲನ್ನು ತಿರುಗಿಸಿ, ಟಯರಿನ ಗಾಳಿಯನ್ನು ಇಳಿಸಿ ಪೆಟ್ಟಿಗೆಗೆ ಸೇರಿಸಬಹುದು. ಆದರೆ 2.6 ಮೀಟರ್ ಮೀರಿದ ಪುರುಷರ ಜಾವೆಲಿನ್ನನ್ನಾಗಲಿ, ನಾಲ್ಕೈದು ಮೀಟರಿನ ಪೋಲ್‌ವಾಲ್ಟ್ ಕೋಲನ್ನಾಗಲಿ ಬಿಚ್ಚುವಂತಿಲ್ಲ, ಮಡಚುವಂತಿಲ್ಲ.

ಇಂತಹ ಉದ್ದ ವಸ್ತುವಿಗೆ ಜಾಗವಿದೆಯೇ ಎಂಬುದನ್ನು ತೀರ್ಮಾನಿಸುವುದು ಟಿಕೆಟಿನ ದರವಲ್ಲ, ವಿಮಾನದ ಜಾತಿ. ಸಾಮಾನಿನ ಕೋಣೆಯ ಬಾಗಿಲು ಎಷ್ಟು ಅಗಲ, ಒಳಗೆ ತಿರುಗಿಸಲು ಸ್ಥಳವೆಷ್ಟು ಎಂಬುದೇ ಮುಖ್ಯ. ಚಿಕ್ಕ ನಿಲ್ದಾಣಗಳಿಗೆ ಹಾರುವ, ಸುಮಾರು 70ರಿಂದ 80 ಆಸನಗಳ ಎಟಿಆರ್ ವಿಮಾನಗಳಲ್ಲಿ ಈ ಸ್ಥಳ ಇನ್ನೂ ಇಕ್ಕಟ್ಟು. ಅಲ್ಲದೆ ಬಿಸಿಲಿನ ತಾಪಕ್ಕೆ ಗಾಳಿ ತೆಳುವಾಗುವುದರಿಂದ ವಿಮಾನ ಹೊತ್ತು ಏರಬಲ್ಲ ಭಾರವೂ ತಗ್ಗುತ್ತದೆ. ಆಗ ಕೆಲವು ಚೀಲಗಳನ್ನು ಮುಂದಿನ ವಿಮಾನಕ್ಕೆ ಉಳಿಸಬೇಕಾಗಿ ಬರಬಹುದು. ಪಂದ್ಯದ ಹಿಂದಿನ ರಾತ್ರಿ ತಲುಪುವ ಟಿಕೆಟು ಕೊಂಡವರು ಇದನ್ನು ನೆನಪಿನಲ್ಲಿಡಬೇಕು. ಮಧ್ಯೆ ವಿಮಾನ ಬದಲಿಸುವುದಾದರೆ ಎರಡನೆಯ ವಿಮಾನ ಯಾವುದೆಂದು ಕೇಳಿ ತಿಳಿಯಬೇಕು. ಮೊದಲನೆಯದರಲ್ಲಿ ಸಲೀಸಾಗಿ ಬಂದ ಪೆಟ್ಟಿಗೆ ಎರಡನೆಯದರ ಬಾಗಿಲಿನಲ್ಲಿ ನಿಲ್ಲುವುದುಂಟು. ಅತಿ ಉದ್ದದ ವಸ್ತುವನ್ನು ಕೆಲವು ದಿನ ಮೊದಲೇ ಸರಕಾಗಿ ಕಳುಹಿಸುವುದೇ ಎಷ್ಟೋ ಸಲ ಜಾಣತನ.

ಒಂದೇ ಒಂದು ಸಾಧನ ಕೈತಪ್ಪಿದರೆ ಆಗುವ ನಷ್ಟಕ್ಕೆ 2008ರ ಬೀಜಿಂಗ್ ಒಲಿಂಪಿಕ್ಸ್ ಸಾಕ್ಷಿ. ಅಲ್ಲಿ ಬ್ರೆಜಿಲ್ಲಿನ ಫಾಬಿಯಾನಾ ಮುರೇರ್ ಅವರ ಕೋಲುಗಳಲ್ಲೊಂದು ಕಾಣೆಯಾದದ್ದು ವಿಮಾನದಲ್ಲಲ್ಲ, ಕ್ರೀಡಾಂಗಣದಲ್ಲಿಯೇ, ಅದೂ ಅಂತಿಮ ಸ್ಪರ್ಧೆಯ ನಡುವೆ. ಒಂದೊಂದು ಎತ್ತರಕ್ಕೆ ಒಂದೊಂದು ಗಡಸಿನ ಕೋಲು ಬೇಕಾಗುವುದರಿಂದ ಉಳಿದ ಕೋಲುಗಳಿದ್ದರೂ ಆ ಕೊರತೆ ತುಂಬಲಿಲ್ಲ. ಅವರು ಪದಕವಿಲ್ಲದೆ ಮರಳಿದರು.

ಆದಕಾರಣ ಸಾಮಾನು ಕಟ್ಟುವಾಗ ಅಚ್ಚುಕಟ್ಟಿಗಿಂತ ಹಂಚಿಕೆ ಮುಖ್ಯ. ಕೋಲುಗಳನ್ನೆಲ್ಲ ಒಂದು ಚೀಲ, ಚೆಂಡುಗಳನ್ನೆಲ್ಲ ಇನ್ನೊಂದು ಚೀಲ ಎಂದು ವಿಂಗಡಿಸುವುದು ನೋಡಲು ಚೆಂದ. ಆದರೆ ಆ ಚೀಲ ತಪ್ಪಿದರೆ ತಂಡವೇ ಬರಿಗೈ. ಪ್ರತಿ ಚೀಲದಲ್ಲಿಯೂ ಎಲ್ಲದರಲ್ಲಿ ಸ್ವಲ್ಪ ಸ್ವಲ್ಪ ಇರಲಿ. ಕ್ರೀಡಾ ಬೂಟು ಹಾಗೂ ಒಂದು ಜೊತೆ ಸಮವಸ್ತ್ರ ಕೈಚೀಲದಲ್ಲಿರಲಿ. ಪ್ರತಿ ಚೀಲಕ್ಕೂ ಸಂಖ್ಯೆ ಬರೆದು, ಒಳಗಿರುವ ವಸ್ತುಗಳ ಪಟ್ಟಿ ಮಾಡಿ, ಛಾಯಾಚಿತ್ರ ತೆಗೆದಿರಿಸಬೇಕು.

ಹಾಕಿ ಕೋಲು, ಕ್ರಿಕೆಟ್ ಬ್ಯಾಟು, ಬಿಲ್ಲುಬಾಣಗಳನ್ನು ಭದ್ರತಾ ನಿಯಮದಂತೆ ಪ್ರಯಾಣಿಕರ ಕೋಣೆಗೆ ಒಯ್ಯುವಂತಿಲ್ಲ. ಇದಕ್ಕೆ ತದ್ವಿರುದ್ಧವಾಗಿ ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲಿಯೇ ಇರಬೇಕು; ತಂಡದ ದೊಡ್ಡ ಚೀಲದ ಮೂಲೆಯಲ್ಲಿ ಮರೆತ ಒಂದು ಪವರ್ ಬ್ಯಾಂಕಿಗಾಗಿ ಇಡೀ ಚೀಲವನ್ನು ತಡೆಯಬಹುದು. ಶೂಟಿಂಗ್ ತಂಡದವರು ಪರವಾನಗಿ ಪತ್ರಗಳನ್ನು ಹೊಂದಿದ್ದು, ಸಂಸ್ಥೆಯ ಒಪ್ಪಿಗೆ ಪಡೆದು, ಗುಂಡು ತೆಗೆದ ಬಂದೂಕನ್ನು ಕೌಂಟರಿನಲ್ಲಿ ಘೋಷಿಸಬೇಕು. ಗುಂಡುಗಳು ಒಬ್ಬರಿಗೆ 5 ಕಿಲೋ ಮೀರಬಾರದು, ಮತ್ತು ಇಲ್ಲಿ ಇಬ್ಬರ ಪಾಲನ್ನು ಒಂದೇ ಪೆಟ್ಟಿಗೆಯಲ್ಲಿ ಕೂಡಿಸುವಂತಿಲ್ಲ.

ಸಾಮಾನು ಕಳೆದರೆ ಸಿಗುವ ಪರಿಹಾರಕ್ಕೂ ಮಿತಿಯುಂಟು. 2014ರ ಅಧಿಸೂಚನೆಯಂತೆ ದೇಶದೊಳಗಿನ ಪ್ರಯಾಣದಲ್ಲಿ ಒಬ್ಬ ಪ್ರಯಾಣಿಕನಿಗೆ ಇದು ಗರಿಷ್ಠ 20,000 ರೂಪಾಯಿ. ಉತ್ತಮ ಸೈಕಲ್ಲಿಗೂ ಬಿಲ್ಲಿಗೂ ಇದು ಏನೇನೂ ಸಾಲದು. ಆದ್ದರಿಂದ ಬೆಲೆಬಾಳುವ ಸಾಧನಕ್ಕೆ ಪ್ರತ್ಯೇಕ ವಿಮೆ ಮಾಡಿಸುವುದು ಕ್ಷೇಮ. ಭಾರತವು 2009ರಲ್ಲಿ ಸೇರಿದ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುವ ವಿದೇಶ ಪ್ರಯಾಣದಲ್ಲಿ, ಹೆಚ್ಚುವರಿ ಶುಲ್ಕ ತೆತ್ತು ವಸ್ತುವಿನ ಮೌಲ್ಯವನ್ನು ಮೊದಲೇ ಘೋಷಿಸಲು ಅವಕಾಶವಿದೆ. ಅದೇ ಒಪ್ಪಂದದಂತೆ ಜಖಂ ಆದ ಸಾಮಾನಿನ ಬಗ್ಗೆ ಅದು ಕೈಸೇರಿದ 7 ದಿನಗಳೊಳಗೆ, ತಡವಾದುದರ ಬಗ್ಗೆ 21 ದಿನಗಳೊಳಗೆ ಬರಹದಲ್ಲಿ ದೂರು ಸಲ್ಲಿಸಬೇಕು. ವಿದೇಶಕ್ಕೆ ಹೊರಡುವ ತಂಡವು ದುಬಾರಿ ಸಾಧನಗಳನ್ನು ನಿರ್ಗಮನದ ವೇಳೆಯಲ್ಲಿಯೇ ಕಸ್ಟಮ್ಸ್ ಅಧಿಕಾರಿಗಳಿಗೆ ತೋರಿಸಿ ರಫ್ತು ಪ್ರಮಾಣಪತ್ರ ಪಡೆದರೆ, ಮರಳುವಾಗ ಸುಂಕದ ಪ್ರಶ್ನೆಗೆ ಉತ್ತರ ಕೈಯಲ್ಲಿರುತ್ತದೆ.

ಇಳಿದ ಮೇಲೆ ಎಲ್ಲರೂ ಬಸ್ಸಿಗೆ ಧಾವಿಸದೆ, ಒಬ್ಬರು ಪಟ್ಟಿ ಹಿಡಿದು ಚೀಲಗಳನ್ನು ಎಣಿಸಬೇಕು. ಪ್ರತಿ ಚೀಲವನ್ನೂ ಅಲ್ಲಿಯೇ ತೆರೆದು ನೋಡಬೇಕು. ಕೊರತೆ ಅಥವಾ ಒಡಕು ಕಂಡುಬಂದರೆ ನಿಲ್ದಾಣದ ಆ ಹಜಾರವನ್ನು ಬಿಡುವ ಮೊದಲೇ ಸಂಸ್ಥೆಯ ಸಿಬ್ಬಂದಿಯಲ್ಲಿ ವರದಿ ಬರೆಸಿ, ಅದರ ಪ್ರತಿಯನ್ನು ಬ್ಯಾಗೇಜ್ ಚೀಟಿಗಳೊಡನೆ ತಂಡದ ವ್ಯವಸ್ಥಾಪಕರು ತಮ್ಮ ಬಳಿ ಇರಿಸಿಕೊಳ್ಳತಕ್ಕದ್ದು.