ಹಲ್ಲಿನ ದವಾಖಾನೆ ಅಸಿಸ್ಟಂಟ್ ಏನು ಮಾಡಬಹುದು, ಏನು ಮಾಡಬಾರದು? ಹೊಸ ಕಾಯ್ದೆ, ಹಳೇ ಗೆರೆ: ಗಡಿ ತಾಲೂಕಿನವರಿಗೆ ಪೂರ್ತಿ ಮಾಹಿತಿ

ಚಿಕ್ಕೋಡಿ: ಹಲ್ಲು ನೋವು ಅಂತ ದವಾಖಾನೆಗೆ ಹೋದರೆ ಹೆಸರು ಬರೆದುಕೊಳ್ಳೋದು ಅಸಿಸ್ಟಂಟ್, ಕುರ್ಚಿ ಮೇಲೆ ಕೂಡಿಸೋದು ಅಸಿಸ್ಟಂಟ್, ಬಾಯಲ್ಲಿನ ನೀರು ಎಳೆಯೋ ಪೈಪ್ ಹಿಡಿಯೋದೂ ಅಸಿಸ್ಟಂಟ್. ಇಷ್ಟರ ತನಕ ಯಾರದೂ ತಕರಾರಿಲ್ಲ. ಆದರೆ ಡಾಕ್ಟರ್ ಇಲ್ಲದ ಹೊತ್ತಲ್ಲಿ "ಬರೇ ಕ್ಲೀನಿಂಗ್ ಐತಲ್ರಿ, ಕೂಡ್ರಿ, ನಾನೇ ಮಾಡ್ತೀನಿ" ಅಂದರೆ? ಬಾಯಿ ತೆರೀಬೇಕಾ, ಎದ್ದು ಬರಬೇಕಾ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಮಂದಿಗೆ ಈ ಪ್ರಶ್ನೆ ಎರಡು ಕಡೆಯಿಂದ ಮುಖ್ಯ. ಒಂದು, ಕುರ್ಚಿ ಮೇಲೆ ಕೂಡೋರು ನಾವೇ. ಇನ್ನೊಂದು, ಪಿಯುಸಿ ಮುಗಿಸಿ ದವಾಖಾನೆ ಕೆಲಸಕ್ಕೆ ಹೋಗೋ ಹುಡುಗ-ಹುಡುಗಿಯರೂ ನಮ್ಮ ಮನೆಯವರೇ. ಗೆರೆ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ನಷ್ಟ ಇಬ್ಬರಿಗೂ.

ಮೊದಲು ಯಾರು ಯಾರು ಅಂತ ತಿಳ್ಕೊಳ್ಳಿ

ಬಿಳಿ ಕೋಟು ಹಾಕಿದವರೆಲ್ಲ ಡಾಕ್ಟರ್ ಅಲ್ಲ. ಹಲ್ಲಿನ ದವಾಖಾನೆಯಲ್ಲಿ ನಾಲ್ಕು ತರದ ಮಂದಿ ಇರಬಹುದು.

1. ದಂತವೈದ್ಯರು: ಬಿಡಿಎಸ್ ಅಥವಾ ಎಂಡಿಎಸ್ ಓದಿ ರಾಜ್ಯ ದಂತ ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡವರು.

2. ಡೆಂಟಲ್ ಹೈಜೀನಿಸ್ಟ್: ಹಲ್ಲಿನ ಮೇಲಿನ ಕಲ್ಲು ತೆಗೆಯೋದು, ಸ್ವಚ್ಛ ಮಾಡೋದು, ಪಾಲಿಶ್ ಮಾಡೋದು, ಬಾಯಿ ಹೇಗೆ ಚೊಕ್ಕ ಇಟ್ಟುಕೊಳ್ಳಬೇಕು ಅಂತ ಹೇಳಿಕೊಡೋದು ಇವರ ಕೆಲಸ.

3. ಡೆಂಟಲ್ ಮೆಕ್ಯಾನಿಕ್: ಲ್ಯಾಬ್‌ನಲ್ಲಿ ಕೂತು ಹಲ್ಲಿನ ಸೆಟ್ಟು, ಕ್ಯಾಪ್ ತಯಾರು ಮಾಡೋರು, ಮುರಿದರೆ ರಿಪೇರಿ ಮಾಡೋರು.

4. ಅಸಿಸ್ಟಂಟ್: ಡಾಕ್ಟರ್ ಪಕ್ಕ ನಿಂತು ಕೈಗೂಡಿಸೋರು.

ಹೈಜೀನಿಸ್ಟ್ ಮತ್ತು ಮೆಕ್ಯಾನಿಕ್ ಆಗಬೇಕು ಅಂದರೆ ಎರಡು ವರ್ಷದ ಮಾನ್ಯತೆ ಪಡೆದ ಕೋರ್ಸ್ ಮಾಡಬೇಕು, ಆಮೇಲೆ ಹೆಸರು ನೋಂದಣಿ ಆಗಬೇಕು. ನಮ್ಮ ತಾಲೂಕುಗಳ ಸಣ್ಣ ಕ್ಲಿನಿಕ್‌ಗಳಲ್ಲಿ ರೋಗಿಗೆ ಎದುರಾಗೋರು ಹೆಚ್ಚಾಗಿ ಮೊದಲನೆಯವರು ಮತ್ತು ನಾಲ್ಕನೆಯವರು. ಗೊಂದಲ ಹುಟ್ಟೋದೂ ಅಲ್ಲೇ.

75 ವರ್ಷದ ಹಳೇ ಕಾನೂನು ಏನಂದಿತ್ತು

ದೇಶದಲ್ಲಿ ಹಲ್ಲಿನ ವೈದ್ಯಕೀಯಕ್ಕೆ ಮೂಲ ಕಾನೂನು 1948ರ ದಂತವೈದ್ಯರ ಕಾಯ್ದೆ. ಇದರಲ್ಲಿ 'ದಂತವೈದ್ಯಕೀಯ' ಅನ್ನೋ ಪದದ ಅರ್ಥವೇ ಬಹಳ ಅಗಲ. ಹಲ್ಲು, ದವಡೆ ಮೇಲೆ ಮಾಡೋ ಯಾವುದೇ ಆಪರೇಷನ್, ಚಿಕಿತ್ಸೆ ಅದರೊಳಗೆ ಬಂತು. ಅದಕ್ಕೆ ಸಂಬಂಧಪಟ್ಟ ಎಕ್ಸ್‌ರೇ ಬಂತು. ಜೋಮು ಹಿಡಿಸೋ ಇಂಜೆಕ್ಷನ್ ಬಂತು. ಹಲ್ಲಿನ ಸೆಟ್ಟು ಕೂಡಿಸಲಿಕ್ಕೆ ಬಾಯಿಯ ಅಳತೆ ತೆಗೆಯೋದೂ ಬಂತು.

ಅಂದರೆ ಸಂತೆಯಲ್ಲಿ, ಬಸ್ ಸ್ಟ್ಯಾಂಡ್ ಹತ್ತಿರ ಕೂತು "ಹತ್ತು ನಿಮಿಷದಾಗ ಹಲ್ಲು ಕೂಡಿಸ್ತೀವಿ" ಅನ್ನೋರ ಕೆಲಸ ಈ ಕಾನೂನಿನ ಪ್ರಕಾರ ದಂತವೈದ್ಯಕೀಯವೇ. ನೋಂದಾಯಿತ ಮೆಕ್ಯಾನಿಕ್ ಕೂಡ ಡಾಕ್ಟರ್ ಕಳಿಸಿದ ಅಳತೆಗೆ ಸೆಟ್ಟು ಮಾಡಿಕೊಡಬಹುದು, ತಾನೇ ರೋಗಿಯ ಬಾಯಲ್ಲಿ ಕೈ ಹಾಕೋ ಹಾಗಿಲ್ಲ.

ಹಾಗಾದರೆ ಹಿಂದೆ ಊರೂರಲ್ಲಿ ಹಲ್ಲು ಕೀಳೋರು ಇದ್ದರಲ್ಲ? ಅದಕ್ಕೂ ಉತ್ತರ ಇದೆ. ಕಾಯ್ದೆ ಬಂದಾಗ ಡಿಗ್ರಿ ಇಲ್ಲದಿದ್ದರೂ ಐದು ವರ್ಷ ಇದೇ ಕೆಲಸದ ಮೇಲೆ ಹೊಟ್ಟೆ ಹೊರೆದವರನ್ನ ರಿಜಿಸ್ಟರ್‌ನ 'ಬಿ' ಭಾಗದಲ್ಲಿ ಸೇರಿಸಲಿಕ್ಕೆ ದಾರಿ ಬಿಟ್ಟಿದ್ದರು. ಆ ಬಾಗಿಲು ಮುಚ್ಚಿ ದಶಕಗಳಾದವು. ಇವತ್ತು "ನನಗ ಇಪ್ಪತ್ತು ವರ್ಷ ಅನುಭವ ಐತಿ" ಅನ್ನೋ ಮಾತಿಗೆ ಕಾನೂನಿನಲ್ಲಿ ಕಿಮ್ಮತ್ತಿಲ್ಲ. ಇನ್ನೊಂದು ಸಣ್ಣ ವಿನಾಯಿತಿ ಇತ್ತು: ತುರ್ತು ಇದ್ದು, ನೋಂದಾಯಿತ ಡಾಕ್ಟರ್ ಸಿಗದಿದ್ದರೆ, ಜೋಮಿನ ಔಷಧ ಕೊಡದೆ ಯಾರಾದರೂ ಹಲ್ಲು ಕೀಳಬಹುದು. ಅದು ಕಷ್ಟಕಾಲಕ್ಕೆ ಕೊಟ್ಟ ಮಾತು, ಅಂಗಡಿ ಹಾಕಲಿಕ್ಕೆ ಕೊಟ್ಟ ಲೈಸೆನ್ಸ್ ಅಲ್ಲ.

ಈ ಕಾಯ್ದೆಯಲ್ಲಿ ಎರಡು ದೊಡ್ಡ ಕೊರತೆ ಇದ್ದವು. ಒಂದು, ದಂಡ. ನೋಂದಣಿ ಇಲ್ಲದೆ ಕೆಲಸ ಮಾಡಿ ಮೊದಲ ಸಲ ಸಿಕ್ಕಿಬಿದ್ದರೆ ಹೆಚ್ಚೆಂದರೆ 500 ರೂಪಾಯಿ. ಈಗಿನ ಕಾಲದಲ್ಲಿ ಅದು ಯಾರನ್ನೂ ಹೆದರಿಸೋ ಮೊತ್ತ ಅಲ್ಲ. ಎರಡು, ರಿಜಿಸ್ಟರ್ ಇದ್ದದ್ದು ಡಾಕ್ಟರ್, ಹೈಜೀನಿಸ್ಟ್, ಮೆಕ್ಯಾನಿಕ್ ಈ ಮೂವರಿಗೆ ಮಾತ್ರ. ದಿನಾಲೂ ಕುರ್ಚಿ ಪಕ್ಕ ನಿಲ್ಲೋ ಅಸಿಸ್ಟಂಟ್‌ಗೆ ಆ ಕಾಯ್ದೆಯ ರಿಜಿಸ್ಟರ್‌ನಲ್ಲಿ ಜಾಗವೇ ಇರಲಿಲ್ಲ.

2023ರ ಕಾಯ್ದೆಯಲ್ಲಿ ಏನಿದೆ

1948ರ ಕಾಯ್ದೆಯ ಜಾಗಕ್ಕೆ ಸಂಸತ್ತು ರಾಷ್ಟ್ರೀಯ ದಂತ ಆಯೋಗ ಕಾಯ್ದೆ ತಂದಿತು. 2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ಅಂಕಿತ ಬಿತ್ತು. ಹಳೇ ಭಾರತೀಯ ದಂತ ಪರಿಷತ್ತಿನ ಬದಲು ಆಯೋಗ, ಅದರ ಕೆಳಗೆ ಮೂರು ಮಂಡಳಿ. ಶಿಕ್ಷಣಕ್ಕೆ ಒಂದು, ಕಾಲೇಜುಗಳ ಮೌಲ್ಯಮಾಪನಕ್ಕೆ ಒಂದು, ನೀತಿ ಮತ್ತು ನೋಂದಣಿಗೆ ಒಂದು.

ನಮಗೆ ಸಂಬಂಧಪಟ್ಟದ್ದು ಮೂರನೆಯದು. ಇದು ಇಡೀ ದೇಶಕ್ಕೆ ಆನ್‌ಲೈನ್ ರಿಜಿಸ್ಟರ್ ಇಡಬೇಕು. ಡಾಕ್ಟರ್‌ಗಳಿಗೆ ಒಂದು, 'ಡೆಂಟಲ್ ಆಕ್ಸಿಲರಿ' ಅಂದರೆ ದಂತವೈದ್ಯರಿಗೆ ಸಹಾಯಕರಾಗಿ ಕೆಲಸ ಮಾಡೋ ವೃತ್ತಿಯವರಿಗೆ ಇನ್ನೊಂದು. ಮೊಬೈಲ್‌ನಲ್ಲೇ ಹೆಸರು ಹುಡುಕಿ ನೋಡೋ ಹಾಗೆ ಆಗಬೇಕು ಅನ್ನೋದು ಇದರ ಹಿಂದಿನ ವಿಚಾರ. ಯಾವ ಓದಿಗೆ ಮಾನ್ಯತೆ, ನಡತೆ ಹೇಗಿರಬೇಕು ಅನ್ನೋದೂ ಆಯೋಗದ ನಿಯಮಗಳ ಕೈಯಲ್ಲಿ. ಡಾಕ್ಟರ್ ಆಗಬೇಕಾದವರು ಕೊನೆಗೆ ರಾಷ್ಟ್ರೀಯ ಎಕ್ಸಿಟ್ ಟೆಸ್ಟ್ ಬರೀಬೇಕು.

ಬೇರೆ ದೇಶದಲ್ಲಿ ಇದು ಹೊಸದಲ್ಲ. ಬ್ರಿಟನ್‌ನಲ್ಲಿ ಡೆಂಟಲ್ ನರ್ಸ್‌ಗಳು, ಅಂದರೆ ನಮ್ಮ ಅಸಿಸ್ಟಂಟ್‌ಗಳು, 2008ರಿಂದ ಕಡ್ಡಾಯವಾಗಿ ನೋಂದಣಿ ಮಾಡಿಸಬೇಕು. ಅಮೆರಿಕದಲ್ಲಿ ಅಸಿಸ್ಟಂಟ್ ಏನು ಮಾಡಬಹುದು ಅಂತ ಒಂದೊಂದು ರಾಜ್ಯಕ್ಕೆ ಒಂದೊಂದು ಪಟ್ಟಿ ಇದೆ.

ಗೆರೆ ಎಲ್ಲಿದೆ

ಅಸಿಸ್ಟಂಟ್ ಮಾಡಬಹುದಾದ ಕೆಲಸ:

• ಪಾಳಿ ಬರೆಯೋದು, ರೋಗಿಯನ್ನ ಕೂಡಿಸೋದು
• ಸಾಮಾನು ಜೋಡಿಸಿ ಕೈಗೆ ಕೊಡೋದು, ಲೈಟ್ ಹಿಡಿಯೋದು, ನೀರು-ಜೊಲ್ಲು ಎಳೆಯೋ ಪೈಪ್ ಹಿಡಿಯೋದು
• ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಸಿಮೆಂಟ್, ಅಳತೆ ಪುಡಿ ಕಲಸೋದು
• ಸಾಮಾನು ತೊಳೆದು ಆಟೋಕ್ಲೇವ್‌ನಲ್ಲಿ ಇಡೋದು, ಕಸ ಬಣ್ಣದ ಪ್ರಕಾರ ಬೇರೆ ಮಾಡೋದು

ಮಾಡಬಾರದ ಕೆಲಸ:

• ರೋಗ ಇಂಥದ್ದೇ ಅಂತ ಹೇಳೋದು, ಔಷಧ ಬರೆದುಕೊಡೋದು
• ಇಂಜೆಕ್ಷನ್ ಚುಚ್ಚೋದು, ಹಲ್ಲು ಕೀಳೋದು, ಡ್ರಿಲ್ ಹಿಡಿಯೋದು
• ಹಲ್ಲು ತುಂಬೋದು, ಕ್ಯಾಪ್ ಕೂಡಿಸೋದು, ಕ್ಲಿಪ್ ತಂತಿ ಬಿಗಿ ಮಾಡೋದು
• ಹೈಜೀನಿಸ್ಟ್ ನೋಂದಣಿ ಇಲ್ಲದೆ ಹಲ್ಲು ಕ್ಲೀನಿಂಗ್ ಮಾಡೋದು

ಎಕ್ಸ್‌ರೇ ವಿಷಯ ಬೇರೆಯಾಗಿ ಹೇಳಬೇಕು. ಹಲ್ಲಿನ ಸಣ್ಣ ಎಕ್ಸ್‌ರೇ ಮಷೀನ್‌ಗೂ ಅಣುಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಮಷೀನ್ ಐತಿ ಅಂತ ಯಾರು ಬೇಕಾದರೂ ಬಟನ್ ಒತ್ತೋ ಹಾಗಿಲ್ಲ.

"ಬರೇ ಕ್ಲೀನಿಂಗ್ ಅಲ್ಲೇನ್ರಿ?"

ಇಲ್ಲೇ ಮಂದಿ ಮೋಸ ಹೋಗೋದು. ಕ್ಲೀನಿಂಗ್ ನೆಪದಲ್ಲಿ ಡಾಕ್ಟರ್ ಇಡೀ ಬಾಯಿ ನೋಡ್ತಾರೆ. ಕೆನ್ನೆ ಒಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಬಹಳ ದಿನ ಆರದ ಹುಣ್ಣು, ಬಾಯಿ ಪೂರ್ತಿ ತೆರೆಯಲಿಕ್ಕೆ ಆಗದೇ ಇರೋದು, ಇವೆಲ್ಲ ಬಾಯಿ ಕ್ಯಾನ್ಸರ್‌ನ ಮುನ್ಸೂಚನೆ ಇರಬಹುದು. ನಿಪ್ಪಾಣಿ ಅಂದರೆ ತಂಬಾಕು. ಇಲ್ಲಿ ಬೆಳೆಯೋರು, ಬೀಡಿ ಕಟ್ಟೋರು, ಅಗಿಯೋರು ಎಲ್ಲರೂ ಇದ್ದಾರೆ. ಕಲಿಯದ ಕೈ ಹಲ್ಲಿನ ಕಲ್ಲು ತೆಗೆದು ಬಿಡಬಹುದು, ಪಕ್ಕದ ಮಚ್ಚೆ ಕಣ್ಣಿಗೆ ಬೀಳಲಿಕ್ಕಿಲ್ಲ. ಆರು ತಿಂಗಳು ತಡ ಆದರೆ ಚಿಕಿತ್ಸೆಯೇ ಬೇರೆ, ಖರ್ಚೇ ಬೇರೆ.

ಇಂಜೆಕ್ಷನ್ನೂ ಹಾಗೇ. ಜೋಮಿನ ಔಷಧದಲ್ಲಿ ಬಹಳ ಸಲ ಅಡ್ರಿನಲಿನ್ ಸೇರಿರುತ್ತದೆ. ಬಿಪಿ, ಹೃದಯದ ತೊಂದರೆ ಇದ್ದವರಿಗೆ ಎಷ್ಟು ಕೊಡಬೇಕು, ಕೊಡಬೇಕೋ ಬ್ಯಾಡೋ ಅನ್ನೋದು ಓದಿದವರು ನಿರ್ಧಾರ ಮಾಡೋ ಮಾತು.

ಕೆಲಸಕ್ಕೆ ಹೋಗೋ ಹುಡುಗ-ಹುಡುಗಿಯರೇ, ಕೇಳಿ

ಸ್ಕಿಲ್ ಇಂಡಿಯಾ ಯೋಜನೆಯಲ್ಲಿ 'ಡೆಂಟಲ್ ಅಸಿಸ್ಟಂಟ್' ತರಬೇತಿ ಇದೆ. ಒಳ್ಳೇದೇ, ಕೆಲಸ ಸಿಗಲಿಕ್ಕೆ ಅನುಕೂಲ. ಆದರೆ ತರಬೇತಿ ಸರ್ಟಿಫಿಕೇಟ್ ಬೇರೆ, ರಿಜಿಸ್ಟರ್‌ನಲ್ಲಿ ಹೆಸರು ಬೇರೆ. ಫೀ ಕಟ್ಟೋ ಮೊದಲು ಸಂಸ್ಥೆಯವರನ್ನ ಒಂದೇ ಪ್ರಶ್ನೆ ಕೇಳಿ: ಈ ಕೋರ್ಸಿನಿಂದ ದಂತ ಪರಿಷತ್ತಿನಲ್ಲಿ ನೋಂದಣಿ ಆಗುತ್ತಾ? ಆಗುತ್ತೆ ಅಂದರೆ ಬರವಣಿಗೆಯಲ್ಲಿ ಕೇಳಿ. ಬೆಂಗಳೂರಿನ ಕರ್ನಾಟಕ ರಾಜ್ಯ ದಂತ ಪರಿಷತ್ತಿಗೂ ಕೇಳಿ ಖಾತ್ರಿ ಮಾಡ್ಕೊಳ್ಳಿ.

ಡಾಕ್ಟರ್ ಇಲ್ಲದಾಗ "ನೀನೇ ಮಾಡಿ ಕಳಿಸು" ಅಂತ ಹೇಳಿದರೆ ಒಪ್ಪಬೇಡಿ. ಹೆಚ್ಚುಕಮ್ಮಿ ಆದರೆ ಡಾಕ್ಟರ್ ಮೇಲೂ ಬರುತ್ತದೆ, ಸೂಜಿ ಹಿಡಿದ ಕೈ ಮೇಲೂ ಬರುತ್ತದೆ. ತಿಂಗಳ ಪಗಾರಕ್ಕೆ ಇಷ್ಟು ದೊಡ್ಡ ಹೊರೆ ಹೊರಬೇಕಿಲ್ಲ.

ನಿಮಗೆ ಹಕ್ಕೂ ಇದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ದವಾಖಾನೆ ಸಿಬ್ಬಂದಿಗೆ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸೋದು, ತರಬೇತಿ ಕೊಡೋದು ಮಾಲೀಕರ ಜವಾಬ್ದಾರಿ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಬಳಸಿದ ಸೂಜಿ ಚುಚ್ಚಿದರೆ ಮುಚ್ಚಿಡಬೇಡಿ, ಅವತ್ತೇ ಡಾಕ್ಟರ್‌ಗೆ ಹೇಳಿ.

ಅಂಗಡಿಕಾರರು ಗಮನಿಸಿ

ಮಳಿಗೆಯನ್ನ ಕ್ಲಿನಿಕ್‌ಗೆ ಬಾಡಿಗೆ ಕೊಡೋರು ಕೆಪಿಎಂಇ ನೋಂದಣಿ ಪತ್ರ ಕೇಳಿ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ಹಲ್ಲಿನ ಕ್ಲಿನಿಕ್ಕೂ ನೋಂದಣಿ ಆಗಲೇಬೇಕು. ಔಷಧ ಅಂಗಡಿಯವರು ಅಸಿಸ್ಟಂಟ್ ಫೋನ್ ಮಾಡಿದರು ಅಂತ ಆ್ಯಂಟಿಬಯೋಟಿಕ್ ಕೊಡಬೇಡಿ, ಡಾಕ್ಟರ್ ಚೀಟಿ ಇರಬೇಕು.

ಮಿರಜ್, ಕೊಲ್ಲಾಪುರಕ್ಕೆ ಹೋಗೋರಿಗೆ

ಕಾಗವಾಡ, ಅಥಣಿ ಕಡೆಯವರು ಮಿರಜ್-ಸಾಂಗ್ಲಿಗೆ, ನಿಪ್ಪಾಣಿಯವರು ಕೊಲ್ಲಾಪುರಕ್ಕೆ ಹೋಗೋದು ರೂಢಿ. ಅಲ್ಲಿನ ಡಾಕ್ಟರ್‌ಗಳ ನೋಂದಣಿ ಮಹಾರಾಷ್ಟ್ರದ ಪರಿಷತ್ತಿನಲ್ಲಿ, ಇಲ್ಲಿನವರದು ಕರ್ನಾಟಕದಲ್ಲಿ. ಹೀಗಾಗಿ ಗಡಿ ಊರಿನವರು ಎರಡು ಕಡೆ ಹುಡುಕಬೇಕಿತ್ತು. ದೇಶಕ್ಕೆಲ್ಲ ಒಂದೇ ರಿಜಿಸ್ಟರ್ ಅನ್ನೋದರ ದೊಡ್ಡ ಲಾಭ ನಮ್ಮಂಥ ಗಡಿ ತಾಲೂಕಿನವರಿಗೇ.

ಚಿಕಿತ್ಸೆಯಲ್ಲಿ ಅನ್ಯಾಯ ಆದರೆ ಆ ಊರಿಗೇ ಅಲೆಯಬೇಕಿಲ್ಲ. 2019ರ ಗ್ರಾಹಕ ರಕ್ಷಣೆ ಕಾಯ್ದೆ ಪ್ರಕಾರ ನೀವು ವಾಸ ಇರೋ ಜಿಲ್ಲೆಯಲ್ಲೇ ದೂರು ಹಾಕಬಹುದು. ಮಿರಜ್‌ನಲ್ಲಿ ಹಲ್ಲು ತೋರಿಸಿದ ಕಾಗವಾಡದವರು ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ರಸೀದಿ, ಚೀಟಿ, ಎಕ್ಸ್‌ರೇ ಮಾತ್ರ ಜೋಪಾನ.

ಜಿಲ್ಲೆಯೊಳಗಿನ ಕ್ಲಿನಿಕ್ ಮೇಲೆ ದೂರಿದ್ದರೆ ತಾಲೂಕು ಆರೋಗ್ಯಾಧಿಕಾರಿಗೆ ಬರೆದುಕೊಡಿ. ಕೆಪಿಎಂಇ ಅಡಿಯಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ವಿಚಾರಣೆ ಮಾಡೋ ಅಧಿಕಾರ ಇದೆ.

ಕುರ್ಚಿ ಮೇಲೆ ಕೂಡೋ ಮುಂಚೆ

ಗೋಡೆ ಮೇಲೆ ಕೆಪಿಎಂಇ ನೋಂದಣಿ ಪತ್ರ ಐತಾ? ಡಾಕ್ಟರ್ ಹೆಸರು, ನೋಂದಣಿ ನಂಬರ್ ಐತಾ? ಬಾಯಲ್ಲಿ ಕೈ ಹಾಕೋರು ಅವರೇನಾ? ಸಾಮಾನು ಮುಚ್ಚಿದ ಪಾಕೀಟಿನಿಂದ ತೆಗೆದರಾ? "ಡಾಕ್ಟರ್ ನೀವೇನ್ರಿ?" ಅಂತ ಕೇಳೋದು ಉದ್ಧಟತನ ಅಲ್ಲ. ಡಾಕ್ಟರ್ ಇಲ್ಲ ಅಂದರೆ ಇನ್ನೊಂದು ದಿನ ಬರ್ತೀನಿ ಅಂತ ಹೇಳಿ ಎದ್ದು ಬರ್ರಿ.